ತಾಯಮ್ಮನ ಕೆಲಸದ ವಿಚಾರ

ನನ್ನ ಅವ್ವಾ,

ನೀನು ಹೋಗಿ ನಾಲ್ಕು ವರ್ಷ ಆಯ್ತು. ಇಷ್ಟು ದಿನ ನಿನಗೆ ಬರೆಯಬೇಕು ಅಂತ ಕೂತಾಗಲೆಲ್ಲ ಕೋಪ ಅಡ್ಡ ಬರುತ್ತಿತ್ತು. ಸತ್ತವರ ಮೇಲೆ ಎಂಥ ಕೋಪ ಅಂತ ಕೇಳ್ತೀಯೇನೋ. ಹೊಟ್ಟೆಕಿಚ್ಚು ಅಂತ ನೇರವಾಗಿ ಹೇಳಿಬಿಡ್ತೀನಿ. ತಾಯಮ್ಮನ ಮೇಲೆ. ಇವತ್ತು ನಂಜನಗೂಡಿಂದ ಬಸ್ಸಲ್ಲಿ ವಾಪಸ್ ಬರುವಾಗ ಇದನ್ನೆಲ್ಲ ನಿನಗೆ ಹೇಳದೆ ಇರೋಕಾಗಲ್ಲ ಅನ್ನಿಸಿತು. ನೀನು ಇದ್ದಾಗ ನಾವಿಬ್ಬರೂ ಮಾತಾಡಿದ್ದಾದರೂ ಏನು? ಉಪ್ಪು ಜಾಸ್ತಿ ಆಯ್ತಾ, ಸೌದೆ ಬಂತಾ, ಇಷ್ಟೇ ಅಲ್ವಾ?

ಅವಳು ಬಂದ ದಿನ ನಿನಗೆ ನೆನಪಿದೆಯಾ? ತೊಂಬತ್ತೇಳನೇ ಇಸವಿ ಇರಬೇಕು. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಹೋಟ್ಲಲ್ಲಿ ಬೆಳಗಿನ ಇಡ್ಲಿ ಮುಗಿದು, ಕೋರ್ಟಿನವರು, ತಾಲ್ಲೂಕು ಆಫೀಸಿನವರು ಊಟಕ್ಕೆ ಬರೋಕೆ ಇನ್ನೂ ಹೊತ್ತಿತ್ತು. ನಾನು ಗಂಡನ ಮನೆ ಬಿಟ್ಟು, ಕಳಲೆಯಿಂದ ಬಟ್ಟೆ ಗಂಟು ಹಿಡಿದು ನಿನ್ನ ಹತ್ತಿರ ಬಂದು ಒಂದು ವರ್ಷವಾಗಿತ್ತು. ಕೆಲಸಕ್ಕೆ ಒಬ್ಬ ಹೆಂಗಸು ಬೇಕು ಅಂತ ನೀನು ನಾಲ್ಕು ಜನಕ್ಕೆ ಹೇಳಿದ್ದೆ. ಬಾಗಿಲಲ್ಲಿ ನಿಂತವಳು ನಲವತ್ತರ ಆಸುಪಾಸು, ಸಣಕಲು, ಎರಡೂ ಭುಜ ಮುಚ್ಚುವಂತೆ ಸೆರಗು ಹೊದ್ದಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ.

"ಮೊದ್ಲೇ ಏಳ್ಬುಡ್ತೀನಿ ಅಮ್ಮೋರೆ. ನಾನು ಜೈಲಿಂದ ಬಂದೋಳು. ಆಮ್ಯಾಕೆ ಯಾರೋ ಏಳಿ, ನೀವು ಓಡ್ಸೋದು ಬ್ಯಾಡ."

ನೀನು ಕೈಲಿದ್ದ ಸೌಟು ಕೂಡ ಕೆಳಗಿಡಲಿಲ್ಲ. "ಏನ್ ಮಾಡಿದ್ದೆ?" ಅಂದೆ.

"ಗಂಡುನ್ ಒಡ್ದೆ. ಸತ್ತೋದ."

ಹೆಮ್ಮಿಗೆಯವಳು, ಹೆಸರು ಚಿಕ್ಕತಾಯಮ್ಮ. ಕುಡಿದು ಬಂದು ಕೂದಲು ಹಿಡಿದು ಅಂಗಳದ ತುಂಬ ಎಳೆದಾಡಿದ ಗಂಡನಿಗೆ ಕೈಗೆ ಸಿಕ್ಕ ಸೌದೆ ತಗೊಂಡು ಒಂದೇ ಏಟು ಹೊಡೆದಿದ್ದಳು. ಮೈಸೂರು ಜೈಲಲ್ಲಿ ಆರು ವರ್ಷ. ಅಲ್ಲಿ ಹೆಂಗಸರ ಕಡೆ ಅಡಿಗೆ ಇವಳದೇ. ಬಿಡುಗಡೆಯಾದ ಮೇಲೆ ನಂಜನಗೂಡಲ್ಲಿ ನಾಲ್ಕು ಹೋಟ್ಲು ಹತ್ತಿ ಇಳಿದಿದ್ದಳು. ಮೊದಲ ಮೂರು ಕಡೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಚಾಕು, ಈಳಿಗೆಮಣೆ ಇರೋ ಜಾಗದಲ್ಲಿ ನಿನ್ನ ಹೆಂಗಮ್ಮಾ ಇಟ್ಕೊಳೋದು ಅಂದನಂತೆ ಒಬ್ಬ ಯಜಮಾನ. ನಾಲ್ಕನೇ ಕಡೆ ಸುಳ್ಳು ಹೇಳಿ ಮುಸುರೆ ತೊಳೆಯೋ ಕೆಲಸ ಹಿಡಿದಳು. ಮೂರನೇ ವಾರ ಅವಳ ಊರಿನವನೇ ಒಬ್ಬ ಕಾಫಿಗೆ ಬಂದು, ಇವಳ ಮುಖ ನೋಡಿ ಲೋಟ ಬಿಟ್ಟು ಎದ್ದು ಹೋದ. ಸಂಜೆಯೊಳಗೆ ಅವಳು ಬೀದಿಗೆ ಬಂದಿದ್ದಳು.

ಎಲ್ಲ ಕೇಳಿಸಿಕೊಂಡು ನೀನು ಕಾಲಲ್ಲೇ ಈಳಿಗೆಮಣೆಯನ್ನ ಅವಳ ಕಡೆ ತಳ್ಳಿದೆ. "ಕುಂಬಳಕಾಯಿ ಅಲ್ಲಿ ಅದೆ ನೋಡು. ಹೋಳು ಸಣ್ಣಕ್ಕಿರ್ಲಿ" ಅಂದೆ. ಅಷ್ಟೇ. ಅವಳು ಆ ಈಳಿಗೆಮಣೆ ಮುಂದೆ ಕೂತು ಅದನ್ನೇ ನೋಡಿದಳು. ಆಮೇಲೆ ಹೆಚ್ಚೋಕೆ ಶುರು ಮಾಡಿದಳು. ಹೋಳುಗಳು ಅಳೆದು ಕತ್ತರಿಸಿದ ಹಾಗೆ ಬಿದ್ದವು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಒಂದು ವರ್ಷದಿಂದ ನಾನು ಹೆಚ್ಚಿದ್ದನ್ನ ನೀನು ಒಂದು ದಿನವಾದರೂ ಗೊಣಗದೆ ಪಾತ್ರೆಗೆ ಹಾಕಿದ್ದೆಯಾ?

ಮಧ್ಯಾಹ್ನದ ಗಿರಾಕಿ ಖಾಲಿಯಾದ ಮೇಲೆ ನೀವಿಬ್ಬರೂ ಹಿತ್ತಲ ಕಲ್ಲಿನ ಮೇಲೆ ತಟ್ಟೆ ಹಿಡಿದು ಕೂರುತ್ತಿದ್ದಿರಿ. ಅವಳು ಜೈಲಿನ ಕತೆ ಹೇಳೋಳು, ನೀನು ಮತ್ತೆ ಮತ್ತೆ ಕೇಳ್ತಿದ್ದೆ. ಅಲ್ಲಿ ಬೇಳೆ ಹೆಂಗೆ ಬೇಯ್ಸ್ತಿದ್ರಿ, ನಿದ್ದೆ ಬತ್ತಿತ್ತಾ, ಹೊಡ್ದ ಮೇಲೆ ನಿಂಗೆ ಹೆಂಗಾಯ್ತು ಅಂತ. ಒಂದೊಂದು ಸಲ ನೀನು ನಗುತ್ತಿದ್ದೆ. ನಿನಗೆ ಅಷ್ಟು ಜೋರಾಗಿ ನಗೋಕೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಳಗೆ ಟೇಬಲ್ ಒರೆಸುತ್ತ ನಾನು ಒಂದೇ ಯೋಚನೆ ಮಾಡುತ್ತಿದ್ದೆ. ಕಳಲೆಯಲ್ಲಿ ಏನಾಯ್ತು ಅಂತ ನನ್ನ ಯಾಕೆ ಕೇಳಲಿಲ್ಲ? ನಾನು ಬಂದ ದಿನ ನೀನು ಗಂಟು ತಗೊಂಡು ಒಳಗಿಟ್ಟೆ, ಕಾಫಿ ಕೊಟ್ಟೆ, ನಾಳೆ ಬೇಗ ಏಳು ಅಂದೆ. ನಾನೂ ಏಟು ತಿಂದವಳೇ ಅವ್ವ. ತಿರುಗಿ ಹೊಡೆಯದೆ ಬಂದವಳ ಕತೆ ಕೇಳೋಕೆ ಯಾರಿಗೂ ಬೇಕಾಗಿರಲಿಲ್ಲವಾ...

ವಿಷಯ ಊರಿಗೆ ಗೊತ್ತಾಗದೆ ಇರುತ್ತಾ? ಆರು ತಿಂಗಳಲ್ಲಿ ಗುಸುಗುಸು ಶುರುವಾಯ್ತು. ಒಂದು ದಿನ ತಾಲ್ಲೂಕು ಆಫೀಸಿನ ಇಬ್ಬರು ಎಲೆ ಮುಂದೆ ಕೂತು, "ಸಾರು ಯಾರು ಮಾಡಿದ್ದು ಮಲ್ಲಾಜಮ್ನೋರೆ?" ಅಂತ ಮೂತಿ ತಿರುಗಿಸಿ ಕೇಳಿದರು. ನೀನು ಅಡಿಗೆಮನೆಯಿಂದ ಕೈ ಒರೆಸಿಕೊಂಡು ಹೊರಗೆ ಬಂದೆ. "ತಾಯಮ್ಮ ಮಾಡಿದ್ದು. ನಾನು ಉಣ್ತೀನಿ, ನನ್ ಮಗ್ಳು ಉಣ್ತಾಳೆ. ನಿಮ್ಗೆ ಬ್ಯಾಡಾಂದ್ರೆ ಎದ್ರುಗಡೆ ಹೋಟ್ಲು ಅದೆ" ಅಂದೆ. ಒಬ್ಬ ಎದ್ದು ಹೋದ, ಇನ್ನೊಬ್ಬ ಕೂತು ಉಂಡ. ನನಗೆ ಹೆಮ್ಮೆ ಆಗಬೇಕಿತ್ತು. ಆದರೆ ಹಿಂದಿನ ವರ್ಷ ಅದೇ ಬೆಂಚಿನ ಮೇಲೆ ಯಾರೋ, "ಮಗ್ಳು ಗಂಡನ್ನ ಬಿಟ್ಟು ಬಂದವಳಂತಲ್ಲ" ಅಂದಾಗ ನೀನು ಕೇಳಿಸದ ಹಾಗೆ ಒಳಗೆ ಹೋಗಿದ್ದು ನನಗೆ ನೆನಪಾಯ್ತು.

ಹುಳಿಪುಡಿ ವಿಷಯ ಹೇಳದೆ ಇದ್ದರೆ ಹೇಗೆ? ನನಗೆ ಕೊತ್ತಂಬರಿ ಬೀಜ ಹುರಿಯೋಕೆ ಎರಡು ಸಲ ಕೊಟ್ಟು, "ನಿಂಗೆ ಹದ ಸಿಕ್ಕಲ್ಲ ಬುಡಮ್ಮಿ" ಅಂತ ಬಾಣಲೆ ಕಿತ್ತುಕೊಂಡಿದ್ದೆ. ಅವಳ ಪಕ್ಕದಲ್ಲಿ ನಿಂತು ತಿಂಗಳುಗಟ್ಟಲೆ ಕಲಿಸಿದೆ. ಕರಿಬೇವು ಯಾವಾಗ, ಮೆಂತ್ಯ ಎಷ್ಟು, ಒಲೆಯಿಂದ ಯಾವಾಗ ಇಳಿಸಬೇಕು. ಅವಳ ಬಾಯಲ್ಲಿ 'ಅಮ್ಮೋರೆ' ಹೋಗಿ 'ಅಕ್ಕ' ಯಾವಾಗ ಬಂತೋ ನನಗೆ ತಿಳಿಯಲೇ ಇಲ್ಲ.

ಈಗ ನಿನಗೆ ಹೇಳದೆ ಮುಚ್ಚಿಟ್ಟಿದ್ದು. ತಾಯಮ್ಮ ಬಂದು ಮೂರನೇ ವರ್ಷ. ನಂಜನಗೂಡಲ್ಲಿ ದೇವಸ್ಥಾನಕ್ಕೆ ಬರೋರಿಗೆ ಅಂತ ಲಾಡ್ಜ್ ಕಟ್ಟಿಸಿ, ಕೆಳಗಡೆ ಹೋಟ್ಲು ತೆರೀತಿದ್ದ ಒಬ್ಬರು ಜಮೀನಿನ ಕೇಸಿಗೆ ನರಸೀಪುರದ ಕೋರ್ಟಿಗೆ ಬಂದಾಗ ನಮ್ಮಲ್ಲಿ ಊಟ ಮಾಡಿದರು. ಅಡಿಗೆ ಯಾರದು ಅಂದರು. ನೀನು ತಾಯಮ್ಮನ್ನ ಕರೆದು ತೋರಿಸಿದೆ. ನನ್ನ ಹೋಟ್ಲಿಗೆ ಹಿರಿಯ ಅಡಿಗೆಯವಳಾಗಿ ಬರ್ತೀಯಾ ಅಂತ ಅವರು ಕೇಳಿದರು. ತಾಯಮ್ಮ ಅಲ್ಲೇ ಬಾಯಿ ತೆರೆಯೋಕೆ ಹೋದಳು, ನೀನು ಕಣ್ಣಲ್ಲೇ ತಡೆದೆ. ಅವರು ಹೋದ ಮೇಲೆ, "ನಿನ್ ವಿಚಾರ ನಾನೇ ಹೇಳ್ತೀನಿ, ಮುಂದಿನ ವಾರ ಬರ್ಲಿ. ಹೆಂಗ್ ಹೇಳ್ಬೇಕೋ ಹಂಗ್ ಹೇಳ್ತೀನಿ" ಅಂದೆ.

ಅವರು ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಬಂದರು ಅವ್ವ. ನೀನು ಕವಲಂದೆಗೆ ನೆಂಟರ ಮಗುವಿಗೆ ಹೆಸರಿಡೋ ಕಾರ್ಯಕ್ಕೆ ಹೋಗಿದ್ದೆ. ತಾಯಮ್ಮ ಮಿಲ್ಲಿಗೆ ಹೋಗಿದ್ದಳು. ನಾನು ಕಾಫಿ ಕೊಟ್ಟೆ. "ಆ ಹೆಂಗಸನ್ನ ನಂಬಬಹುದೇನಮ್ಮ?" ಅಂತ ಕೇಳಿದರು.

"ಗಂಡನ್ನ ಕೊಂದು ಜೈಲಿಗೆ ಹೋಗಿದ್ದೋಳು ಸಾರ್" ಅಂದೆ.

ಅವರ ಕೈ ಲೋಟದ ಮೇಲೇ ನಿಂತಿತು. "ಇಲ್ಲಿ ಹೆಂಗಿದ್ದಾಳೆ?" ಅಂದರು.

ನಾನು ಬಟ್ಟೆ ತಗೊಂಡು ಪಕ್ಕದ ಟೇಬಲ್ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಅವರು ಅರ್ಧ ಕಾಫಿ ಬಿಟ್ಟು ಎದ್ದು ಹೋದರು.

ಅವಳು ನಂಜನಗೂಡಿಗೆ ಹೋಗಿದ್ದರೆ ನೀನು ನನಗೇ ಉಳೀತಿದ್ದೆಯಲ್ಲ? ಅವಳನ್ನ ಕಳಿಸೋಕೆ ಅದಕ್ಕಿಂತ ಒಳ್ಳೆ ದಾರಿ ಯಾವುದಿತ್ತು? ಆದರೆ ದೊಡ್ಡ ಹೋಟ್ಲು, ನಾಲ್ಕು ಜನ ಅವಳ ಕೈಕೆಳಗೆ, ನೀನು ವಾರವಾರ ಬಸ್ ಹತ್ತಿ ಹೋಗಿ ಅವಳನ್ನ ನೋಡಿಕೊಂಡು ಬರೋದು, ಅದೆಲ್ಲ ಕಣ್ಣ ಮುಂದೆ ಬಂದು ನನ್ನ ಬಾಯಿ ತಾನಾಗಿ ಆಡಿಬಿಟ್ಟಿತು. ನೀನು ಎರಡು ವಾರ ಬಾಗಿಲ ಕಡೆ ನೋಡುತ್ತಿದ್ದೆ. "ಬರ್ನಿಲ್ವಲ್ಲ ಮನುಷ್ಯ" ಅಂದೆ. ಆಮೇಲೆ ಮಾತು ಬಿಟ್ಟೆ.

ನಿನಗೆ ಲಕ್ವ ಹೊಡೆದ ಮೇಲಿನ ಐದು ತಿಂಗಳು ನಾನು ಹೋಟ್ಲು ನೋಡಿಕೊಂಡೆ, ಅವಳು ನಿನ್ನ ನೋಡಿಕೊಂಡಳು. ಹಾಗಂತ ಯಾರೂ ತೀರ್ಮಾನ ಮಾಡಿರಲಿಲ್ಲ, ಹಾಗಾಯ್ತು. ನಿನ್ನ ತೊದಲು ಮಾತು ಅವಳಿಗೆ ಮಾತ್ರ ಅರ್ಥವಾಗುತ್ತಿತ್ತು. ಒಂದು ದಿನ ನಾನು ಗಂಜಿ ಕುಡಿಸುವಾಗ ನೀನು ನನ್ನ ಮುಖ ಸವರಿ "ತಾಯಿ" ಅಂದೆ. ನನ್ನನ್ನ ತಾಯಿ ಅಂದೆಯೋ, ಅವಳ ಹೆಸರು ಕರೆದೆಯೋ, ಇವತ್ತಿನವರೆಗೂ ಬಗೆಹರಿದಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಹೊರಟ ಮೇಲೆ, "ಹೋಟ್ಲು ಇನ್ಮೇಲೆ ನಾನೇ ನೋಡ್ಕೋತೀನಿ" ಅಂದೆ ತಾಯಮ್ಮನಿಗೆ. ಅವಳು ಯಾಕೆ ಅಂತ ಕೇಳಲಿಲ್ಲ. ನಿನ್ನ ಫೋಟೋಕ್ಕೆ ಕೈ ಮುಗಿದು, ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಹೋದಳು. ಆರು ವರ್ಷ ನಮ್ಮ ಒಲೆ ಮುಂದೆ ಬೆಂದವಳು. ನಾನು ಬಾಗಿಲವರೆಗೂ ಹೋಗಲಿಲ್ಲ.

ಹೋದ ವರ್ಷ ನಂಜನಗೂಡಿನ ಒಂದು ಛತ್ರಕ್ಕೆ ಮದುವೆಗೆ ಹೋಗಿದ್ದೆ. ಕೈ ತೊಳೆಯೋಕೆ ಹಿಂದುಗಡೆ ಹೋದರೆ, ಅನ್ನದ ಕೊಪ್ಪರಿಗೆಯೊಳಗೆ ಅರ್ಧ ಮೈ ಬಾಗಿಸಿ ಒಬ್ಬಳು ಉಜ್ಜುತ್ತಿದ್ದಳು. ತಲೆ ಎತ್ತಿದಾಗ ತಾಯಮ್ಮ. ಮದುವೆ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಹೋಟ್ಲುಗಳಲ್ಲಿ ಕೇಳಲಿಲ್ಲವಾ ಅಂದೆ. "ಈಗ ಎಲ್ಲ ಕಾರ್ಡ್ ಕೇಳ್ತಾರೆ, ಗೊತ್ತಿರೋರು ಯಾರವ್ರೆ ಅಂತಾರೆ. ನಂಗ್ಯಾರವ್ರೆ ಮಂಗ್ಳವ್ವ?" ಅಂದಳು. ಅವಳ ದನಿಯಲ್ಲಿ ಕುಟುಕು ಇದ್ದಿದ್ದರೆ ನಾನು ಅಲ್ಲಿಂದ ಹೊರಟುಬಿಡುತ್ತಿದ್ದೆ. ಇರಲಿಲ್ಲ. ಅದಕ್ಕೇ ಹೇಳಿಬಿಟ್ಟೆ, ಲಾಡ್ಜಿನವರಿಗೆ ಆವತ್ತು ಹೇಳಿದ್ದು ನಾನೇ ಅಂತ.

"ಗೊತ್ತು ಕಣವ್ವ" ಅಂದಳು. "ಅಕ್ಕುನ್ಗೂ ಗೊತ್ತಿತ್ತು. ಆಮ್ಯಾಕೆ ಆವಪ್ಪ ಕೋರ್ಟ್ ತಾವ್ ಸಿಕ್ಕಿದ್ನಂತೆ, ಏಳುದ್ನಂತೆ. ಅಷ್ಟೊತ್ಗೆ ಬ್ಯಾರೆಯೋರ್ನ ಇಟ್ಕೊಂಡಿದ್ನಂತೆ."

ಮೂರು ವರ್ಷ ನಿನಗೆ ಗೊತ್ತಿತ್ತು. ಮೂರು ವರ್ಷ ನೀನು ನನ್ನ ಜೊತೆ ಒಂದೇ ಚಾಪೆಯ ಮೇಲೆ ಮಲಗಿ ಎದ್ದೆ.

ತಾಯಮ್ಮ ಕೈ ಕೊಡವಿಕೊಂಡು ಹತ್ತಿರ ಬಂದಳು. "ಅಕ್ಕ ಏನಂದ್ರು ಗೊತ್ತಾ? ನನ್ ಮಗ್ಳು ಕೆಟ್ಟೋಳಲ್ಲ ಕಣ್ ತಾಯಮ್ಮ. ಅವ್ಳು ಬಂದಾಗ ಏನಾಯ್ತು ಅಂತ ಕೇಳಕ್ಕೆ ನಂಗೆ ಧೈರ್ಯ ಬರ್ನಿಲ್ಲ. ಕೇಳುದ್ರೆ ನಾನೇ ನೋಡಿ ಮಾಡಿದ್ ಮದುವೆ ಅಂತ ತಡ್ಕೊಳಕ್ಕಾಗ್ತಿರ್ಲಿಲ್ಲ, ಅಂದ್ರು."

ಅದನ್ನೂ ಅವಳಿಗೇ ಹೇಳಿದೆಯಾ ಅವ್ವ? ನಾನು ಕಾಯುತ್ತಿದ್ದ ಮಾತು ಅದೊಂದೇ. ಅದನ್ನೂ ಅವಳ ಕೈಗೆ ಕೊಟ್ಟು ಹೋದೆಯಾ? ಆ ಕೊಪ್ಪರಿಗೆ ಪಕ್ಕ ಕೂತು ರೇಷ್ಮೆ ಸೀರೆಯಲ್ಲೇ ಅತ್ತೆ. ಅವಳು ಒದ್ದೆ ಕೈಯಲ್ಲಿ ನನ್ನ ಬೆನ್ನು ಸವರುತ್ತಿದ್ದಳು. ಸವರಿಸಿಕೊಳ್ಳೋಕೂ ಹೊಟ್ಟೆ ಉರಿಯುತ್ತಿತ್ತು, ಆದರೂ ಬಿಡಿಸಿಕೊಳ್ಳಲಿಲ್ಲ.

ಆ ಲಾಡ್ಜಿನವರ ಹತ್ತಿರ ಹೋಗೋಕೆ ಮಾತ್ರ ನನಗೆ ಎಂಟು ತಿಂಗಳು ಬೇಕಾಯ್ತು. ಬಸ್ ಸ್ಟ್ಯಾಂಡ್ ತನಕ ಹೋಗಿ ಎರಡು ಸಲ ವಾಪಸ್ ಬಂದೆ. ಕೊನೆಗೆ ಹೋದೆ. ಅವರಿಗೆ ವಯಸ್ಸಾಗಿದೆ, ಕಿವಿ ಮಂದ. ಅಡಿಗೆಯವರು ನಿಲ್ಲಲ್ಲ ಅನ್ನೋ ಗೋಳು ಮಾತ್ರ ಹಾಗೇ ಇದೆ. ಗಲ್ಲಾಪೆಟ್ಟಿಗೆ ಮುಂದೆ ನಿಂತು ಜೋರಾಗಿಯೇ ಹೇಳಬೇಕಾಯ್ತು. "ಆವತ್ತು ನಾನು ಹೇಳಿದ್ದು ನಿಜ ಸಾರ್, ಆದರೆ ಅರ್ಧ. ಅವಳು ನಮ್ಮಲ್ಲಿ ಇದ್ದಷ್ಟು ದಿನ ಒಬ್ಬರ ಮೇಲೂ ದನಿ ಎತ್ತಲಿಲ್ಲ. ನಮ್ಮವ್ವನ್ನ ಕೊನೇ ದಿನದವರೆಗೂ ಎತ್ತಿ ಕೂರಿಸಿದೋಳು ಅವಳೇ."

"ಆಗ್ಲೇ ಯಾಕಮ್ಮ ಹೇಳಲಿಲ್ಲ?"

"ಹೊಟ್ಟೆಕಿಚ್ಚು ಸಾರ್."

ತಿಂಡಿ ತಿನ್ನುತ್ತಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿ, "ಇದನ್ನೇ ಒಂದು ಹಾಳೇಲಿ ಬರೆದುಕೊಡ್ತೀಯಾ? ಅವಳ ಜವಾಬ್ದಾರಿ ನಂದು ಅಂತ, ಸೈನ್ ಹಾಕಿ?" ಅಂದರು. ಅವಳ ಜವಾಬ್ದಾರಿ ನನ್ನದು ಅಂತ ಬರೆಯೋದು, ಅದರ ಕೆಳಗೆ ಮಲ್ಲಾಜಮ್ಮನ ಮಗಳು ಮಂಗಳ ಅಂತ ಸೈನ್ ಹಾಕೋದು... ಬರೆದುಕೊಟ್ಟೆ. ಒಂದು ತಿಂಗಳು ಕೆಲಸಕ್ಕಿಟ್ಟು ನೋಡ್ತೀನಿ, ಆಮೇಲೆ ಹೇಳ್ತೀನಿ ಅಂದರು.

ಆ ತಿಂಗಳು ನಿನ್ನೆಗೆ ಮುಗೀತು. ತಾಯಮ್ಮನ ಕೆಲಸ ಖಾಯಂ ಆಯ್ತು ಅವ್ವ. ಅಡಿಗೆಮನೆ ಪೂರ್ತಿ ಅವಳ ಸುಪರ್ದಿಗೆ ಕೊಟ್ಟಿದ್ದಾರೆ. ಇರೋಕೆ ಹಿಂದುಗಡೆ ಒಂದು ರೂಮು. ಫೋನ್ ಮಾಡಿ ಹೇಳಿದಳು, ಅವಳ ಹತ್ತಿರ ಈಗ ಮೊಬೈಲ್ ಬೇರೆ ಇದೆ. ಇವತ್ತು ನಮ್ಮ ಹೋಟ್ಲಿಗೆ ಬೀಗ ಹಾಕಿ, ಅವಳಿಗೆ ತಿಳಿಸದೆ ಹೋಗಿ, ಯಾತ್ರೆಗೆ ಬಂದವರ ನಡುವೆ ಗಿರಾಕಿಯಾಗಿ ಕೂತು ಊಟ ಮಾಡಿದೆ. ಏನಾದರೂ ತಪ್ಪು ಸಿಗಲಿ ಅಂತಲೇ ಕೂತಿದ್ದೆ, ನಿನ್ನ ಹತ್ತಿರ ಸುಳ್ಳು ಯಾಕೆ? ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟರೆ ನೀನೇ ಬಂದು ಬಡಿಸಿದ ಹಾಗಿತ್ತು. ನನ್ನ ಕೈಯಲ್ಲಿ ನಾಲ್ಕು ವರ್ಷದಿಂದ ಒಂದು ದಿನವೂ ಹಾಗೆ ಆಗಿಲ್ಲ.

ಎದುರಿಗೆ ಕೂತಿದ್ದ ಮುದುಕಿ ಎರಡನೇ ಸಲ ಸಾರು ಹಾಕಿಸಿಕೊಂಡು, "ಯಾರ್ ಕೈ ಅಡ್ಗೆ ಮಗ ಇದು?" ಅಂತ ನನ್ನನ್ನೇ ಕೇಳಿದಳು.

"ನಮ್ಮವ್ವಂದು" ಅಂದೆ.

ತಾಯಮ್ಮಂದು ಅನ್ನೋಕೆ ಇವತ್ತೂ ಬಾಯಿ ಬರಲಿಲ್ಲ. ಮುಂದಿನ ಸಲ ಅವಳ ಹೆಸರೇ ಹೇಳ್ತೀನಿ ಅವ್ವ. ಹೇಳೋಕೆ ನೋಡ್ತೀನಿ.

ನಿನ್ನ ಮಗಳು,
ಮಂಗಳ