ಒಗ್ಗರಣೆಗೆ ನಿಂತುಹೋದ ಮಾತು

ಮಾಷ್ಟ್ರೇ,

ನಾನು ಸದಾಶಿವ. ಬೆಳ್ಳೂರಿನ ಶಾಲೆಯಲ್ಲಿ ನಿಮ್ಮ ಐದನೇ ಕ್ಲಾಸಿನ ಇಪ್ಪತ್ತಮೂರನೇ ನಂಬರು. ಈಗ ಬೋವಿಕಾನದ ಪಗಲ್ ವೀಡಿನಲ್ಲಿ ವಾರದ ಕಾರ್ಯಕ್ರಮ ಯಾವುದು, ದಿನದ ಪಲ್ಯ ಯಾವುದು ಎಂದು ನಿಶ್ಚಯ ಮಾಡುವವನು. ಹೀಗೆ ಹೆಸರು ಹೇಳಿಯೇ ಮಾತು ಶುರು ಮಾಡಬೇಕೆಂದು ನೀವು ಕೇಳಿಕೊಂಡಿದ್ದಿರಿ. ಅದು ನನಗೆ ಗೊತ್ತಾಗುವಾಗ ತಡವಾಗಿತ್ತು. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುವವನೆಂದು ಹೆಸರು ಮಾಡಿದವ ನಾನು. ಇದೊಂದರಲ್ಲಿ ಮಾತ್ರ...

ನೀವು ಮೊದಲ ದಿನ ಬಂದದ್ದು ನೆನಪುಂಟು. ವಯಸ್ಸಾದವರು ಬೆಳಿಗ್ಗೆ ಬಂದು, ಹರಟೆ ಹೊಡೆದು, ಉಂಡು, ಸಂಜೆ ಮನೆಗೆ ಹೋಗುವ ಜಾಗಕ್ಕೆ ಮಲಯಾಳದಲ್ಲಿ ಎಷ್ಟು ಚಂದದ ಹೆಸರು, ಹಗಲಿನ ಮನೆ! ನಾನು ಕಾಲೇಜಿನಿಂದ ನಿವೃತ್ತನಾಗಿ ಅಲ್ಲಿ ಸೇರಿ ಒಂದು ತಿಂಗಳಾಗಿತ್ತಷ್ಟೆ. ಸಕ್ಕರೆ ಕಾಯಿಲೆಯವರ ಸಲುವಾಗಿ ಅಂದು ಹಾಗಲಕಾಯಿ ಮಾಡಿಸಿದ್ದೆ. ಹಗಲುಮನೆಗೆ ಹಾಗಲವೇ ಶೋಭೆ ಎಂದು ನಾನೇ ಹೇಳಿ ನಾನೇ ನಗುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಇಪ್ಪತ್ತಮೂರು, ಇನ್ನೂ ಮಾತು ನಿಲ್ಲಿಸ್ಲಿಲ್ವಾ ಮಾರಾಯ?" ಎಂದಿರಿ. ಐವತ್ತು ವರ್ಷದ ಮೇಲೆ! ನನ್ನ ತಲೆಯಲ್ಲಿ ಕೂದಲಿಲ್ಲ, ಹೊಟ್ಟೆ ಮುಂದೆ ಬಂದಿದೆ, ಆದರೂ ನಂಬರು ಸಮೇತ ಗುರುತು. ಆ ದಿನ ಮಧ್ಯಾಹ್ನ ನೀವು ನಮ್ಮ ಇಡೀ ಕ್ಲಾಸಿನ ಹಾಜರಿಯನ್ನು ಒಂದರಿಂದ ಮೂವತ್ತೆಂಟರವರೆಗೆ ಬಾಯಿಪಾಠ ಹೇಳಿದಿರಿ. ಸತ್ತುಹೋದವರ ಹೆಸರು ಬಂದಾಗ ಮಾತ್ರ ಸ್ವಲ್ಪ ತಡೆದು ಮುಂದೆ ಹೋದಿರಿ.

ಒಗ್ಗರಣೆಯ ಉಪಾಯ ನಿಮ್ಮದೇ. ರಕ್ತದೊತ್ತಡದ ಬಗ್ಗೆ ಹೇಳಲು ಬಂದ ಅತಿಥಿಯೊಬ್ಬರು ನಮ್ಮೆಲ್ಲರ ರಕ್ತದೊತ್ತಡ ಏರಿಸುತ್ತಾ ಮುಕ್ಕಾಲು ಗಂಟೆ ಮಾತಾಡಿದ ಗುರುವಾರ ಅದು. ನಾನು ಊಟದ ಗಂಟೆ ಬಾರಿಸಲೇ ಎಂದು ಪಿಸುಗುಟ್ಟಿದೆ. ನೀವು ತುಟಿ ಅಲುಗಿಸದೆ ಹೇಳಿದಿರಿ: "ಗಂಟೆ ಬಾರಿಸಿದ್ರೆ ಅವರ ಮರ್ಯಾದೆ ಹೋಗ್ತದೆ. ಒಗ್ಗರಣೆ ಹಾಕಿಸು. ಪರಿಮಳಕ್ಕೆ ಎಂತ ಮರ್ಯಾದೆ?" ನಾನು ಅಡುಗೆಯ ಕಮಲಕ್ಕನ ಹತ್ತಿರ ಹೋಗಿ ಹೇಳಿದೆ. ಬಸಳೆ ಸಾಂಬಾರಿಗೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಬಿತ್ತು, ಸಾಸಿವೆ ಸಿಡಿಯಿತು, ಕಿಟಕಿಯಿಂದ ಘಮ ಬಂತು. ಕುರ್ಚಿಗಳು ತಾವಾಗಿಯೇ ಸರಿದವು. ಅತಿಥಿಗಳೂ ಮೂಗರಳಿಸಿ, ಇನ್ನು ಮುಗಿಸುತ್ತೇನೆ ಎಂದರು. ಅಂದಿನಿಂದ ಅದೇ ನಮ್ಮ ಪದ್ಧತಿ. ನಾನು ಕನ್ನಡಕ ತೆಗೆದು ಒರೆಸಿದರೆ ಕಮಲಕ್ಕ ಒಗ್ಗರಣೆ ಹಾಕುವುದು. ಸಾರಾಂಶ ಹೇಳದವರಿಗೆ ಸಾರಿನ ವಾಸನೆ ತೋರಿಸಬೇಕು ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದೆ. ಉಪಾಯ ನಿಮ್ಮದೆಂದು ಒಬ್ಬರಿಗೂ ಹೇಳಲಿಲ್ಲ.

ಆಮೇಲಿನ ಆ ಗುರುವಾರದ ಬಗ್ಗೆ ಬರೆಯಲೇಬೇಕು. ಒಂದು ವಾರ ಮೊದಲು ನೀವು ನನ್ನನ್ನು ಬದಿಗೆ ಕರೆದು, "ನನಗೊಂದು ಹತ್ತು ನಿಮಿಷ ಬೇಕಿತ್ತಲ್ಲ ಸದಾಶಿವ" ಎಂದಿದ್ದಿರಿ. ಎಂದೂ ಏನನ್ನೂ ಕೇಳದವರು. ವಿಷಯ ಯಾವುದೆಂದು ಕೇಳಿದೆ. ಹಾಜರಿ ಎಂದಿರಿ. ಓಹೋ, ಅದೇ ಬೆಳ್ಳೂರಿನ ಶಾಲೆಯ ಕತೆ ಎಂದುಕೊಂಡು ಊಟಕ್ಕೆ ಮುಂಚಿನ ಹತ್ತು ನಿಮಿಷ ನಿಮಗಿಟ್ಟೆ. ಹಸಿದವರು ಯಾರ ಮಾತನ್ನೂ ಕೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದಿರಿ. ಕೈಯಲ್ಲಿ ಕಾಗದ. ಆದರೆ ಕಾಗದ ನೋಡದೆ ನೀವು ಶಾಲೆಗೆ ನಡೆದುಹೋಗುತ್ತಿದ್ದ ದಾರಿ, ಹಂಚಿನ ಮಾಡು, ಸೀಳುಬಿಟ್ಟ ಬೋರ್ಡು ಎಂದು ಶುರು ಮಾಡಿದಿರಿ. ನಾಲ್ಕೈದು ಸಲ ಕೇಳಿದ್ದು. ಎಂಟನೇ ನಿಮಿಷಕ್ಕೆ ನೀರು ಕುಡಿದು, ಕಾಗದ ಬಿಡಿಸಿ, "ಈಗ ನಾನು ಹೇಳ್ಬೇಕೂಂತ ಇದ್ದದ್ದು" ಎಂದಿರಿ. ಇನ್ನೊಂದು ಕತೆ ಶುರುವಾಯಿತು ಎಂದುಕೊಂಡೆ. ಕನ್ನಡಕ ತೆಗೆದೆ.

ಸಾಸಿವೆ ಸಿಡಿದದ್ದು ನನಗೆ ಈಗಲೂ ಕೇಳುತ್ತದೆ. ನೀವು ಮಾತು ನಿಲ್ಲಿಸಿ ಗಾಳಿಯನ್ನೊಮ್ಮೆ ಮೂಸಿದಿರಿ. ನನ್ನ ಕಡೆ ನೋಡಿದಿರಿ. ಕನ್ನಡಕ ಇನ್ನೂ ನನ್ನ ಕೈಯಲ್ಲೇ ಇತ್ತು. ಕದ್ದ ಬಳಪದ ಜೊತೆ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದೆ. "ಒಗ್ಗರಣೆ ಬಿತ್ತು. ಇನ್ನು ನನ್ನದೆಂತ ಉಂಟು" ಎಂದು ನಕ್ಕು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಕುಳಿತಾಗ ನಾನು ಭಾಷಣಕ್ಕಿಂತ ಭಕ್ಷಣ ಲೇಸು ಎಂದೆ. ಹೌದೌದು ಎಂದಿರಿ. ಆ ಕಾಗದದಲ್ಲಿ ಏನಿತ್ತು ಎಂದು ನಾನು ಯಾಕೆ ಕೇಳಲಿಲ್ಲ? ಮುಂದಿನ ವಾರ ಮೊದಲು ನಿಮ್ಮದೇ ಇಡುತ್ತೇನೆ ಎನ್ನಲು ನಾಲಿಗೆಗೆ ಯಾವ ರೋಗ ಬಂದಿತ್ತು? ಮುಂದಿನ ವಾರಕ್ಕೆ ತೊಂಡೆಯೋ ಅಲಸಂಡೆಯೋ ಎನ್ನುವುದೇ ನನಗೆ ದೊಡ್ಡದಾಗಿತ್ತು.

ಅದಾಗಿ ಸ್ವಲ್ಪ ದಿನದಲ್ಲಿ ನೀವು ಕಮಲಕ್ಕನನ್ನು ಕಲ್ಯಾಣಿ ಎಂದು ಕರೆದಿರಿ. ನಾನು ಬಿಡುತ್ತೇನೆಯೇ? ಮಾಷ್ಟ್ರಿಗೆ ಒಂದು ಕಮಲ ಸಾಲದು, ಇಡೀ ಕಲ್ಯಾಣಿಯೇ ಬೇಕಂತೆ ಎಂದೆ. ಎಲ್ಲರೂ ನಕ್ಕರು. ಇನ್ನೊಂದು ದಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಮೊಯ್ದು ಹಾಜಿ ಎದುರು ಬಂದಾಗ ನೀವು ಸುಮ್ಮನೆ ದಾಟಿ ಹೋದಿರಿ. ಮಾಷ್ಟ್ರಿಗೆ ಈಗ ದೊಡ್ಡಸ್ತಿಕೆ ಬಂದಿದೆ ಎಂದು ಅವರು ಎರಡು ದಿನ ಸಿಟ್ಟಿನಲ್ಲಿದ್ದರು. ಆಮೇಲೆ ಅದೇ ಒಂದು ಆಟವಾಯಿತು. ಬಂದವರೆಲ್ಲ ನಿಮ್ಮ ಮುಂದೆ ನಿಂತು, "ಗುರ್ತ ಸಿಕ್ಕಿತಾ? ನಾನ್ಯಾರು ಹೇಳಿ ನೋಡುವಾ" ಎನ್ನುವುದು. ನಮ್ಮ ಊರಲ್ಲಿ ವಯಸ್ಸಾದವರನ್ನು ಮಾತಾಡಿಸುವ ಕ್ರಮವೇ ಅದಲ್ಲವೇ, ಪರೀಕ್ಷೆ ಮಾಡಿಯೇ ಪ್ರೀತಿ ತೋರಿಸುವುದು. ನೀವು ಪ್ರತಿ ಸಲವೂ ನಗುತ್ತಿದ್ದಿರಿ. ಅದು ಉತ್ತರ ಬಾರದ ಹುಡುಗನ ನಗು. ಅಂಥ ನಗುವನ್ನು ನೀವು ಎಷ್ಟು ನೋಡಿದ್ದಿರಿ. ನಾನು ನೋಡಿರಲಿಲ್ಲ.

ಓಣಂಗೆ ಆ ಆಟವನ್ನೇ ನಾನು ಕಾರ್ಯಕ್ರಮದಲ್ಲಿ ಸೇರಿಸಿದೆ. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನ ಹಿಂದೆ ನಿಂತವರ ಸ್ವರ ಕೇಳಿ ಹೆಸರು ಹೇಳಬೇಕು. ಮೊದಲು ನಿಮ್ಮನ್ನೇ ಕೂರಿಸಿದೆ. ಬೈರಾಸನ್ನು ನಾನೇ ಕಟ್ಟಿದೆ, ಹಿಂದೆ ನಿಂತು ನಾನೇ ಕೇಳಿದೆ, ನಾನ್ಯಾರು ಮಾಷ್ಟ್ರೇ? ಇನ್ನೊಮ್ಮೆ ಕೇಳಿದೆ. "ಹಾಜಿಯಾ?" ಎಂದಿರಿ, ತುಂಬ ಮೆಲ್ಲಗೆ. ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ನಾನೇ ಮೊದಲಿಗ. ನೀವು ಬೈರಾಸನ್ನು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಎದ್ದಿರಿ. ಪಾಯಸ ಬಡಿಸುವಾಗ ನೋಡಿದರೆ ನೀವು ಇರಲಿಲ್ಲ.

ಆಮೇಲೆ ನೀವು ಬರಲೇ ಇಲ್ಲ. ಮಾಷ್ಟ್ರು ರಜಾ ಅರ್ಜಿ ಕೊಡದೆ ರಜೆ ಮಾಡಿದ್ದಾರೆ ಎಂದು ಎರಡು ತಿಂಗಳು ತಮಾಷೆ ಮಾಡಿಕೊಂಡಿದ್ದು, ಕೊನೆಗೊಮ್ಮೆ ಮನೆಗೆ ಬಂದೆ. ನಿಮ್ಮ ಮಗಳು ವಿನುತಾ ಚಾ ಮಾಡಲು ಒಳಗೆ ಹೋದಳು. ನಾನು ಚಪ್ಪಲಿ ಬಿಡುತ್ತಲೇ ಅದನ್ನೇ ಕೇಳಿದೆ, ಗುರ್ತ ಸಿಕ್ಕಿತಾ? ನೀವು ನನ್ನನ್ನು ನೋಡಿದಿರಿ, ಅಡುಗೆಮನೆಯ ಬಾಗಿಲನ್ನು ನೋಡಿದಿರಿ. ಮತ್ತೆ ಬಹಳ ಮರ್ಯಾದೆಯಿಂದ, "ಬನ್ನಿ, ನೀವು ಕೂತ್ಕೊಳ್ಳಿ" ಎಂದಿರಿ. ಹುಟ್ಟಿದ ಮೇಲೆ ನೀವು ನನಗೆ 'ನೀವು' ಎಂದದ್ದು ಅದೇ ಮೊದಲು. ಆಗಲಾದರೂ ನಾನು ಇಪ್ಪತ್ತಮೂರು ಮಾಷ್ಟ್ರೇ ಎನ್ನಬಹುದಿತ್ತು. ಎನ್ನಲಿಲ್ಲ. ಚಾ ಕುಡಿದು, ಬಸ್ಸಿನ ನೆಪ ಹೇಳಿ ಎದ್ದೆ. ಆಮೇಲೆ ಬಂದದ್ದು ನಿಮ್ಮನ್ನು ಅಂಗಳದಲ್ಲಿ ಮಲಗಿಸಿದ್ದಾಗ.

ನಿಮ್ಮ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ವಿನುತಾ ಪಗಲ್ ವೀಡಿಗೆ ಬಂದಳು. ಬಿಳಿ ಅಂಗಿಯ ಜೇಬಿನಲ್ಲಿ ಸಿಕ್ಕಿತಂತೆ. ಅಪ್ಪ ಆ ಅಂಗಿಯನ್ನು ಒಗೆಯಲು ಕೊಡುತ್ತಲೇ ಇರಲಿಲ್ಲ ಸದಾಶಿವಣ್ಣ ಎಂದಳು. ನಾಲ್ಕು ಮಡಿಕೆಯ ಕಾಗದ. ಬೋರ್ಡಿನ ಮೇಲಿನ ನಿಮ್ಮ ಅದೇ ದುಂಡು ಅಕ್ಷರ.

"ಸ್ನೇಹಿತರೇ, ನನಗೆ ಹೆಸರುಗಳು ಜಾರುತ್ತಿವೆ. ಇನ್ನೂ ಜಾರುತ್ತವೆ ಎಂದು ಡಾಕ್ಟರು ಹೇಳಿದ್ದಾರೆ. ಮುಂದೆ ನಾನು ಸುಮ್ಮನೆ ನಿಮ್ಮ ಮುಖ ನೋಡಿದರೆ ಅಹಂಕಾರವೆಂದು ತಿಳಿಯಬೇಡಿ. 'ನಾನು ಯಾರು' ಎಂದು ದಯವಿಟ್ಟು ಕೇಳಬೇಡಿ. ನನಗೆ ನಾಚಿಕೆಯಾಗುತ್ತದೆ. ನಿಮ್ಮ ಹೆಸರನ್ನು ನೀವೇ ಹೇಳಿ. ಇಷ್ಟು ವರ್ಷ ನಾನು ಹಾಜರಿ ಕರೆದೆ, ಇನ್ನು ನೀವು ಹಾಜರಿ ಕೊಡಬೇಕು."

ಅದರ ಕೆಳಗೆ ನಿಮಗಾಗಿಯೇ ಬರೆದುಕೊಂಡ ಪಟ್ಟಿ. ಕಮಲ: ಅಡುಗೆ, ಹಸಿರು ಬಳೆ. ಮೊಯ್ದು ಹಾಜಿ: ದೊಡ್ಡ ಸ್ವರ, ಮೀನಿಲ್ಲದಿದ್ದರೆ ಬೇಸರ. ಕೊನೆಗೆ, ಸದಾಶಿವ: ಇಪ್ಪತ್ತಮೂರು. ಕನ್ನಡಕ ಒರೆಸಿದರೆ ನಾನು ನಿಲ್ಲಿಸಬೇಕು. ಪಾಪ, ಅವನಿಗೆ ಎಲ್ಲರ ಹಸಿವಿನ ಚಿಂತೆ.

ಕಾಗದದಲ್ಲಿ ಏನಿದೆ ಎಂದು ಕಮಲಕ್ಕನಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. "ನೀವು ಒರೆಸಿದ್ರಿ, ನಾನು ಹಾಕಿದೆ. ಯಾರು ಎಂತ ಮಾತಾಡ್ತಾರೇಂತ ನನಗೆ ಒಳಗಿಂದ ಕೇಳ್ತದಾ ಅಣ್ಣ?" ಎಂದಳು. ಅವಳಿಗೆ ಕೇಳುತ್ತಿರಲಿಲ್ಲ, ನಿಜ. ನನಗೆ ಕೇಳುತ್ತಿತ್ತು.

ಕಳೆದ ತಿಂಗಳ ಒಂದು ಗುರುವಾರ ಅದನ್ನು ಓದಿದೆ, ನಿಮ್ಮನ್ನು ನಿಲ್ಲಿಸಿದ ಅದೇ ಜಾಗದಲ್ಲಿ ನಿಂತು. ನನ್ನ ಹೆಸರಿನ ಸಾಲು ಬಂದಾಗ ಕಾಗದ ಮಡಚಿಬಿಟ್ಟೆ. ಹೌದು ಮಾಷ್ಟ್ರೇ, ಆಗಲೂ. ಮೊಯ್ದು ಹಾಜಿ ಬಿಡಲಿಲ್ಲ. "ಅಡಿಯಲ್ಲಿ ಇನ್ನೂ ಎಂತದೋ ಉಂಟಲ್ಲ, ಅದನ್ನೂ ಓದಿ" ಎಂದರು. ಓದಿದೆ. ಕನ್ನಡಕದ ಅರ್ಥವನ್ನೂ ಹೇಳಿದೆ, ಉಪಾಯ ಯಾರದೆಂದೂ ಹೇಳಿದೆ, ಅದನ್ನು ಯಾರ ಮೇಲೆ ಹೂಡಿದೆನೆಂದೂ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಂದು ಜೋಕಾದರೂ ಹುಟ್ಟುತ್ತಿತ್ತೋ ಏನೋ. ಆಮೇಲೆ ಹಾಜಿ ಎದ್ದು, ತಟ್ಟೆ ಹಿಡಿದು, ಕಮಲಕ್ಕನ ಮುಂದೆ ನಿಂತು ಅಷ್ಟೇ ದೊಡ್ಡ ಸ್ವರದಲ್ಲಿ, "ನಾನು ಮೊಯ್ದು. ಮೀನುಂಟಾ?" ಎಂದರು. ಅವರ ಹಿಂದಿನವರೂ ಹೆಸರು ಹೇಳಿದರು. ಅವರ ಹಿಂದಿನವರೂ. ಈಗ ದಿನವೂ ಹಾಗೆಯೇ. ಯಾರೂ ಯಾರನ್ನೂ ಗುರ್ತ ಸಿಕ್ಕಿತಾ ಎಂದು ಕೇಳುವುದಿಲ್ಲ. ಕೇಳಲು ಬಾಯಿ ತೆರೆದವರನ್ನು ಹಾಜಿ ನೋಡುವ ನೋಟಕ್ಕೆ ನಿಮ್ಮ ಬೆತ್ತವೂ ಸಮವಲ್ಲ.

ಇನ್ನೊಂದು ಸುದ್ದಿ. ಕಮಲಕ್ಕ ಈಗ ನಾನು ಕನ್ನಡಕ ತೆಗೆದರೆ ಈ ಕಡೆ ನೋಡುವುದೇ ಇಲ್ಲ. ಯಾರಾದರೂ ಕೈಯಲ್ಲಿ ಕಾಗದ ಹಿಡಿದು ಎದ್ದು ನಿಂತರೆ ಸಾಕು, ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಮುಂದಿನ ಸಾಲಿನಲ್ಲಿ, ನೀವು ಕೂರುತ್ತಿದ್ದ ಕುರ್ಚಿಯ ಪಕ್ಕದಲ್ಲಿ ಕೂರುತ್ತಾಳೆ. ಮಾತು ಪೂರ್ತಿ ಮುಗಿದ ಮೇಲೆಯೇ ಏಳುತ್ತಾಳೆ.

ನಮ್ಮಲ್ಲಿ ಈಗ ಗುರುವಾರ ಊಟ ತಡವಾಗುತ್ತದೆ, ಮಾಷ್ಟ್ರೇ.

ಸದಾಶಿವ, ಇಪ್ಪತ್ತಮೂರು