ಬಾರದವರ ಸಹಿ

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 8.10

ಇವತ್ತೂ ಒಂಟಿಕಾಲಲ್ಲಿ ನಿಲ್ಲುವಾಗ ಪೋಸ್ಟ್‌ಮಾಸ್ಟರ್ ನನ್ನ ಭುಜ ಹಿಡಿದುಕೊಂಡರು. ರಿಟೈರಾಗಿ ಒಂಬತ್ತು ವರ್ಷ ಆದರೂ ಎಲ್ಲರಿಗೂ ಅವರು ಪೋಸ್ಟ್‌ಮಾಸ್ಟರೇ. ಇಬ್ಬರೂ ಒಟ್ಟಿಗೆ ಬಿದ್ದೆವು. ಹುಲ್ಲಿನ ಮೇಲೆ — ಪರವಾಗಿಲ್ಲ. ಟೀಚರ್ ಇನ್ನೂ ಚಿಕ್ಕ ಹುಡುಗಿ, ನಗು ತಡೆದುಕೊಳ್ಳಲು ಬಾರದು. ನಾವೂ ನಕ್ಕೆವು.

ಪಾರ್ಕಿನವರ ಶರತ್ಕಾಲದ ವ್ಯಾಯಾಮ ತರಗತಿ. ಹತ್ತು ವಾರ. ಸೋಮ, ಬುಧ, ಶುಕ್ರ, ಆರೂವರೆಯಿಂದ ಏಳೂವರೆ. ಹದಿನೈದು ಜನಕ್ಕೆ ಜಾಗ, ಹದಿನೈದೂ ಭರ್ತಿ. ಮುಗಿಸಿ ಬಂದು ಸ್ನಾನ ಮಾಡಿ ಒಂಬತ್ತಕ್ಕೆ ಡೆಂಟಲ್ ಕ್ಲಿನಿಕ್ಕಿನ ಮೇಜಿನ ಹಿಂದೆ ಕೂರುತ್ತೇನೆ. ದಿನವಿಡೀ ಒಂದೇ ಹಾಡು — "ಅಪಾಯಿಂಟ್‌ಮೆಂಟ್ ತಗೊಂಡು ಬರ್ದೇ ಇದ್ರೆ ಹೇಗೆ ಸರ್?"

ಅಕ್ಕನಿಗೆ ಬಿದ್ದ ಕಥೆ ಹೇಳಿದೆ. ನಗಲಿಲ್ಲ. ಬೀಳುವುದು ಅವಳಿಗೆ ತಮಾಷೆಯಲ್ಲ, ಮರೆತೇ ಬಿಟ್ಟಿದ್ದೆ. ಹೋದ ನವೆಂಬರಿನಲ್ಲಿ ನಮ್ಮ ಮೆಟ್ಟಿಲಲ್ಲೇ ಜಾರಿ ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿ ಮಕ್ಕಳನ್ನು ನಡುಗಿಸಿದವಳು ಈಗ ಡಾಕ್ಟರ ಹತ್ತಿರ ಬಿಟ್ಟರೆ ಬೇರೆಲ್ಲಿಗೂ ಹೊರಡುವುದಿಲ್ಲ. ಅದೂ ನಾನು ಮೊಣಕೈ ಹಿಡಿದು ಇಳಿಸಬೇಕು.

ಅಕ್ಟೋಬರ್ 1, ಬುಧವಾರ

ಚಳಿ ಶುರು. ಮರದ ಕೆಳಗೆಲ್ಲ ಎಲೆ. ಏಳು ಜನ ನಾಪತ್ತೆ. ಉಳಿದವರು ಎಂಟು.

ಪಾರ್ಕ್ ಆಫೀಸಿನ ಬೋರ್ಡಿನಲ್ಲಿ ಬರೆದಿದೆ: ಎರಡು ವಾರ ಹಾಜರಾತಿ ಹತ್ತಕ್ಕಿಂತ ಕಡಿಮೆ ಇದ್ದರೆ ತರಗತಿ ರದ್ದು. ಟೀಚರ್‌ಗೆ ಈ ಸೀಸನ್ನಿನಲ್ಲಿ ಇದೊಂದೇ ಕೆಲಸ. ಬಂದವರನ್ನು ಎರಡೆರಡು ಸಲ ಎಣಿಸುತ್ತಾಳೆ, ಪಾಪ.

ಪೋಸ್ಟ್‌ಮಾಸ್ಟರ್ ಮೆಲ್ಲಗೆ, "ರಿಜಿಸ್ಟರ್ ಹೊರಗೆ ಮೇಜಿನ ಮೇಲೇ ಇರುತ್ತಲ್ಲ. ಯಾರು ನೋಡ್ತಾರೆ? ನಿಮ್ಮ ಕೈಬರಹ ಬೇರೆ ಚೆನ್ನಾಗಿದೆ."

ಥೂ, ಇದೆಂಥ ಮಾತು ಎಂದೆ. ಆಮೇಲೆ ಬಾರದ ಇಬ್ಬರ ಸಹಿ ಹಾಕಿದೆ.

ಅಕ್ಟೋಬರ್ 8, ಬುಧವಾರ

ಕೆಲಸ ಎಂದಮೇಲೆ ಅಚ್ಚುಕಟ್ಟಾಗಿ ಮಾಡಬೇಕು. ಬೋರ್ಡಿನಲ್ಲಿ ಇನ್ನೊಂದು ನಿಯಮ — ಸತತ ಮೂರು ಸಲ ಬಾರದಿದ್ದರೆ ಹೆಸರು ಹೊಡೆದು ಹಾಕುತ್ತಾರೆ. ಪಟ್ಟಿ ಸೊರಗಬಾರದಲ್ಲ. ಹಾಗಾಗಿ ಬಾರದ ಏಳೂ ಜನಕ್ಕೆ ಸರದಿ ಹಾಕಿದ್ದೇನೆ. ಇವತ್ತು ಮೂವರು "ಬಂದರು", ಶುಕ್ರವಾರ ಇನ್ನು ನಾಲ್ವರು. ಯಾರೂ ಮೂರು ಸಲ ತಪ್ಪುವುದಿಲ್ಲ. ಎರಡು ಪೆನ್ನು, ಒಂದು ಬಲಕ್ಕೆ ವಾಲಿದ ಬರಹ, ಒಂದು ಎಡಕ್ಕೆ. ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷ ಬಾರದವರ ಮೇಲೆ ರೇಗಿದೆ. ಈಗ ಬಾರದವರನ್ನು ನಾನೇ ಕರೆತರುತ್ತಿದ್ದೇನೆ. ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಯಿತು. ಸುಳ್ಳು ಯಾಕೆ ಬರೆಯಲಿ.

ಅಕ್ಟೋಬರ್ 13, ಸೋಮವಾರ. ಬೆಳಿಗ್ಗೆ 8

ತಿಂಡಿಗೂ ಮೊದಲೇ ಬರೆಯಲು ಕೂತೆ. ಖುಷಿಗೆ.

ಬೂಟು ಬಿಚ್ಚುತ್ತಿದ್ದೆ. ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಅಲ್ಲಿಂದ ಪಾರ್ಕಿನ ಅರ್ಧ ಭಾಗ ಕಾಣುತ್ತದೆ.

"ನೀನು ಅಲ್ಲಿ ನಗ್ತೀಯ," ಎಂದಳು. "ಮನೇಲಿ ನಗಲ್ಲ."

ನಾನು ಎರಡನೇ ಬೂಟಿಗೆ ಕೈ ಹಾಕಿದೆ.

"ನಾನೂ ಬರ್ಲಾ? ನೀನು ಪಕ್ಕದಲ್ಲೇ ಇರ್ಬೇಕು ಮತ್ತೆ."

ಹನ್ನೊಂದು ತಿಂಗಳಲ್ಲಿ ಅವಳಾಗೇ ಹೊರಗೆ ಹೋಗುವ ಮಾತು ಎತ್ತಿದ್ದು ಇದೇ ಮೊದಲು. ಹೆಚ್ಚು ಕುಣಿದರೆ ಮನಸ್ಸು ಬದಲಾಯಿಸುತ್ತಾಳೆಂದು "ಹೂಂ, ಕೇಳಿ ನೋಡ್ತೀನಿ" ಎಂದಷ್ಟೇ ಹೇಳಿ ಬಚ್ಚಲಿಗೆ ಹೋದೆ. ನಲ್ಲಿ ಬಿಟ್ಟುಕೊಂಡು ಅತ್ತೆ.

ಅಕ್ಟೋಬರ್ 14, ಮಂಗಳವಾರ. ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ

ಪಾರ್ಕ್ ಆಫೀಸಿಗೆ ಹೋಗಿ ಬಂದೆ. ಮೇಲ್ವಿಚಾರಕರು ಪುಸ್ತಕ ತಿರುಗಿಸಿ ನೋಡಿದರು. "ಜಾಗ ಇಲ್ಲ ಮೇಡಂ. ಹದಿನೈದೂ ಜನ ಬರ್ತಿದ್ದಾರೆ. ಕಾಯೋರ ಪಟ್ಟೀಲಿ ಬರ್ಕೊಳ್ಳಲಾ? ನಿಮ್ಮಕ್ಕ ಏಳನೆಯವರು."

"ಏಳನೆಯವರಾ? ಪಟ್ಟಿ ಬೇರೆ ಇದೆಯಾ?"

"ಮೊದಲನೇ ವಾರದಿಂದ ಆರು ಜನ ಕಾಯ್ತಿದ್ದಾರೆ. ಯಾರಾದ್ರೂ ಬಿಟ್ರೆ ತಾನೇ ಕೊಡೋದು? ಈ ಬ್ಯಾಚಲ್ಲಿ ಯಾರೂ ಬಿಡೋದೇ ಇಲ್ಲ. ನಿಮ್ಮಷ್ಟು ಶ್ರದ್ಧೆ ನಾನು ನೋಡೇ ಇಲ್ಲ ಬಿಡಿ."

ಶ್ರದ್ಧೆ.

ಸುಮ್ಮನೆ ಇದ್ದಿದ್ದರೆ ಬಾರದ ಏಳು ಹೆಸರು ತಾವಾಗಿಯೇ ಹೋಗಿ ಆ ಆರು ಜನ ಬಂದಿರುತ್ತಿದ್ದರು. ಕ್ಲಾಸು ಉಳಿಯುತ್ತಿತ್ತು. ಅಕ್ಕನಿಗೂ ಒಂದು ಜಾಗ ಇರುತ್ತಿತ್ತು. ಯಾರೋ ಆರು ಜನ ದಿನಾ ಫೋನ್ ನೋಡಿಕೊಂಡು ಕೂತಿದ್ದಾರೆ, ನಾನು ಎರಡು ಪೆನ್ನು ಹಿಡಿದುಕೊಂಡು ಅವರ ದಾರಿಗೆ ಅಡ್ಡ ನಿಂತಿದ್ದೇನೆ. ಯಾವ ಬುದ್ಧಿವಂತಿಕೆಯಪ್ಪ ಇದು.

ಇನ್ನು ಸಹಿ ನಿಲ್ಲಿಸಿದರೂ ಪ್ರಯೋಜನವಿಲ್ಲ. ಮೂರು ತರಗತಿ ತಪ್ಪಬೇಕು. ಆರನೇ ವಾರದ ನಂತರ ಹೊಸಬರನ್ನು ಸೇರಿಸುವುದಿಲ್ಲ. ಆರನೇ ವಾರ ಈ ಶುಕ್ರವಾರಕ್ಕೆ ಮುಗಿಯುತ್ತದೆ.

ಅದೇ ದಿನ. ಸಂಜೆ 7

ಅಕ್ಕನಿಗೆ ಜಾಗ ಇಲ್ಲವಂತೆ ಎಂದೆ.

"ಎಂಟೇ ಜನ ಇರ್ತೀರಲ್ಲೇ. ನಾನು ದಿನಾ ಎಣಿಸ್ತೀನಿ."

"ಕೆಲವರು ಮರದ ಆಚೆ ನಿಂತಿರ್ತಾರೆ."

ಗಣಿತದ ಟೀಚರಿಗೆ ಈ ಲೆಕ್ಕ ಹೇಳಿದೆ. ನನ್ನ ಮುಖವನ್ನೇ ನೋಡಿದಳು. "ನನ್ನ ಕರ್ಕೊಂಡು ಹೋಗೋಕೆ ನಿಂಗೆ ಕಷ್ಟ ಅಂದ್ರೆ ಹಾಗೇ ಹೇಳು. ಇದೊಂದು ಗಂಟೆಯಾದ್ರೂ ನನ್ನಿಂದ ಬಿಡುವು ಬೇಕು ಅಂತ ಅನ್ಸಿದ್ರೆ ತಪ್ಪೇನಿಲ್ಲ."

ಕಿಟಕಿಯ ಪರದೆ ಎಳೆದುಬಿಟ್ಟಳು. ಊಟ ಅರ್ಧಕ್ಕೇ ಬಿಟ್ಟೆ.

ಅಕ್ಟೋಬರ್ 15, ಬುಧವಾರ. ಬೆಳಿಗ್ಗೆ 8.30

ಹೇಳಿಬಿಟ್ಟೆ. ತರಗತಿಗೆ ಮುಂಚೆಯೇ ಹೋದೆ. ರಿಜಿಸ್ಟರ್ ತೆರೆದು ನಾನು ಹಾಕಿದ ಸಹಿಗಳನ್ನೆಲ್ಲ ತೋರಿಸಿದೆ. ಒಟ್ಟು ಇಪ್ಪತ್ತು. ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ನೀವೇ? ಇದೂ?" ಎಡಕ್ಕೆ ವಾಲಿದ್ದರ ಮೇಲೆ ಬೆರಳಿಟ್ಟರು. "ಚೆನ್ನಾಗಿ ಹಾಕಿದ್ದೀರಿ."

ಬೈದಿದ್ದರೆ ಹಗುರಾಗುತ್ತಿತ್ತು. ಏಳು ಹೆಸರು ಹೊಡೆದರು. ಕಾಯುತ್ತಿದ್ದ ಆರು ಜನಕ್ಕೆ ಆಗಲೇ ಫೋನು. ಏಳನೇ ಜಾಗ ಅಕ್ಕನಿಗೆ, ಶುಕ್ರವಾರದಿಂದ. ಆಮೇಲೆ ಪುಸ್ತಕ ಮುಚ್ಚಿ ಹೇಳಿದರು, "ಇನ್ನೊಬ್ಬರ ಸಹಿ ಹಾಕಿದವರಿಗೆ ಈ ಸೀಸನ್ ಮುಗಿಯೋವರೆಗೆ ಅವಕಾಶ ಇಲ್ಲ ಮೇಡಂ. ಬೋರ್ಡಲ್ಲೇ ಇದೆ. ನಾನೇನ್ ಮಾಡ್ಲಿ?"

ಏನೂ ಮಾಡಬೇಡಿ ಎಂದೆ. ಪೋಸ್ಟ್‌ಮಾಸ್ಟರ್ ಏದುಸಿರು ಬಿಡುತ್ತ ಬಂದು "ಐಡಿಯಾ ನಂದು" ಎಂದರು. ಐಡಿಯಾಗೆ ನಿಯಮ ಇಲ್ಲವಂತೆ. ಟೀಚರ್ ಗೇಟಿನವರೆಗೂ ಬಂದಳು. ನನ್ನ ಕೈ ಹಿಡಿದುಕೊಂಡು ನಿಂತಳು.

ಅದೇ ದಿನ. ಸಂಜೆ

ಅಕ್ಕನಿಗೆ ಎಲ್ಲ ಹೇಳಿದೆ. ಎರಡು ಪೆನ್ನು, ಸರದಿ, ಎಲ್ಲ. ಗಂಭೀರವಾಗಿ ಕೇಳಿದಳು, ಸ್ಟಾಫ್‌ರೂಮಿಗೆ ಕರೆಸಿದ ಹಾಗೆ.

"ಅಪ್ಪನ ಸಹಿ ನಿನ್ನ ಪ್ರೋಗ್ರೆಸ್ ಕಾರ್ಡಲ್ಲಿ ಹಾಕಿದ್ದು ಎಷ್ಟು ಸಲ?"

"ಮೂರೇ ಸಲ."

"ನಾಲ್ಕು," ಎಂದಳು. ನಕ್ಕಳು. ತುಂಬ ಹೊತ್ತು ನಕ್ಕಳು. ಆಮೇಲೆ ಥಟ್ಟನೆ ನಿಲ್ಲಿಸಿ, "ಹಾಗಾದ್ರೆ ನೀನು ನನ್ನ ಜೊತೆ ಇರಲ್ಲ."

"ಗೇಟಿನ ತನಕ ಬರ್ತೀನಿ. ಬೇಲಿ ಆಚೆ ನಿಂತಿರ್ತೀನಿ."



ಅಕ್ಟೋಬರ್ 17, ಶುಕ್ರವಾರ

ಆಗಲಿಲ್ಲ. ನಮ್ಮದು ಎರಡನೇ ಮಹಡಿ, ಮೂವತ್ತಾರು ಮೆಟ್ಟಿಲು. ಮೊಣಕೈ ಹಿಡಿದುಕೊಂಡೇ ಇಳಿಸಿದೆ. ಎಂಟನೇ ಮೆಟ್ಟಿಲಿಗೆ ನಿಂತಳು. ಬೆವರು. ವಾಪಸ್.

ಅಕ್ಟೋಬರ್ 20, ಸೋಮವಾರ

ಇವತ್ತು ಹನ್ನೆರಡು ಮೆಟ್ಟಿಲು. ವಾಪಸ್.

ಡಾಕ್ಟರ ಹತ್ತಿರ ಹೋಗುವಾಗ ಇಳಿಯುತ್ತಾಳೆ, ಇದಕ್ಕೆ ಯಾಕಾಗದು ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. "ನಾನು ಬಿದ್ದವಳು ಅಂತ ಅಲ್ಲಿ ಡಾಕ್ಟರಿಗೆ ಗೊತ್ತು," ಎಂದಳು. "ಇಲ್ಲಿ ಹದಿನಾಲ್ಕು ಜನ ನೋಡ್ತಾರೆ."

ಎರಡು ಸಲ ತಪ್ಪಿತು. ಬುಧವಾರವೂ ಹೋಗದಿದ್ದರೆ ಹೆಸರು ಹೋಗುತ್ತದೆ. ಮತ್ತೆ ಸೇರಿಸುವ ಪ್ರಶ್ನೆಯೇ ಇಲ್ಲ. ಅವಳು ಇನ್ನೊಮ್ಮೆ ಬಾಯಿ ಬಿಟ್ಟು ಕೇಳುತ್ತಾಳೆಂಬ ನಂಬಿಕೆಯೂ ನನಗಿಲ್ಲ.

ಸಂಜೆ ಪೋಸ್ಟ್‌ಮಾಸ್ಟರ್ ಕ್ಲಿನಿಕ್ಕಿಗೆ ಬಂದರು. ಹಲ್ಲು ನೋವಿಲ್ಲ. "ಬುಧವಾರ ನಿಮ್ಮಕ್ಕಂದು ಒಂದು ಸಹಿ ನಾನು ಹಾಕಿಬಿಡ್ಲಾ? ನನ್ನ ಅಕ್ಷರ ಕೋಳಿ ಕಾಲು, ಆದ್ರೂ..."

ಒಂದು ಕ್ಷಣ ಹೂಂ ಎನ್ನುವವಳಿದ್ದೆ. ಬೇಡ ಎಂದೆ. ಬಾರದವಳನ್ನು ಬಂದಳು ಎಂದು ಬರೆದರೆ ಅವಳು ಬರುವುದೇ ಇಲ್ಲ. ಅಷ್ಟಂತೂ ಕಲಿತಿದ್ದೇನೆ.

ಅಕ್ಟೋಬರ್ 22, ಬುಧವಾರ. ಬೆಳಿಗ್ಗೆ 6.15

ಅಕ್ಕ ನನಗಿಂತ ಮೊದಲೇ ಎದ್ದು ಬೂಟು ಹಾಕಿಕೊಂಡಿದ್ದಳು. ಮೊಣಕೈ ಹಿಡಿಯಲು ಹೋದೆ. ಕೈ ಕೊಡವಿದಳು.

"ನೀನು ಬರ್ಬೇಡ. ಗೇಟಿನ ತನಕಾನೂ ಬೇಡ. ಕಿಟಕೀಲೂ ನಿಲ್ಬೇಡ."

"ಯಾಕೇ ಅಕ್ಕ?"

"ಹನ್ನೊಂದು ತಿಂಗಳಿಂದ ನನ್ನ ಹಿಂದೆ 'ನಿಧಾನ, ನಿಧಾನ' ಅಂತ ಬರ್ತಿದ್ದೀಯ. ಅದು ಕಿವಿಗೆ ಬಿದ್ರೇನೇ ನನ್ನ ಕಾಲು ನಡುಗುತ್ತೆ. ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ನೀನಿಲ್ದೇ ನೋಡ್ಬೇಕು."

ಬಾಗಿಲು ಎಳೆದುಕೊಂಡು ಹೋದಳು. ಹೆಜ್ಜೆಯ ಸದ್ದು ಕೇಳಬಾರದೆಂದು ಅಡುಗೆಮನೆಗೆ ಬಂದು ನಲ್ಲಿ ಬಿಟ್ಟೆ. ನೋವಾಯಿತು. ಅವಳು ಬೀಳದಿರಲಿ ಎಂದು ಹಿಡಿದುಕೊಂಡೆ. ಅವಳು ತನ್ನ ಕಾಲ ಮೇಲೆ ನಿಲ್ಲದಂತೆ ಹಿಡಿದುಕೊಂಡಿದ್ದೆನೇನೋ.

6.50

ವಾಪಸ್ ಬಂದಿಲ್ಲ. ಅಂದರೆ ಇಳಿದಿದ್ದಾಳೆ. ಅಥವಾ ಮೆಟ್ಟಿಲಲ್ಲೇ... ಇಲ್ಲ. ಬಿದ್ದಿದ್ದರೆ ಕೆಳಗಿನ ಮನೆಯವರು ಕೂಗುತ್ತಿದ್ದರು. ಪರದೆ ಸರಿಸಿದರೆ ಪಾರ್ಕು ಕಾಣುತ್ತದೆ. ಬೆನ್ನು ಹಾಕಿ ಕೂತಿದ್ದೇನೆ. ಫೋನು ಇಲ್ಲೇ ಬಿಟ್ಟು ಹೋಗಿದ್ದಾಳೆ, ಬೇಕೆಂದೇ.

7.30

ತರಗತಿ ಮುಗಿಯಿತು. ಪಾರ್ಕಿನಿಂದ ನನಗೆ ನಾಲ್ಕು ನಿಮಿಷದ ದಾರಿ. ಅವಳಿಗೆ ಹತ್ತು ಎಂದುಕೊಳ್ಳೋಣ.

7.46

ಹದಿನಾರು.

7.55

ಕೆಳಗೆ ಬಾಗಿಲ ಸದ್ದು. ಪಕ್ಕದವರಿರಬೇಕು. ಅಲ್ಲ — ಒಂದು ಹೆಜ್ಜೆ ಜೋರು, ಒಂದು ಮೆತ್ತಗೆ. ಅವಳೇ. ಹತ್ತುತ್ತಿದ್ದಾಳೆ. ಎಣಿಸುತ್ತಿದ್ದೇನೆ. ಹತ್ತು... ಹದಿನೈದು... ಇಪ್ಪತ್ತು. ನಿಂತಿತು. ಹೋದ ವರ್ಷ ಅವಳು ಬಿದ್ದಿದ್ದು ಅಲ್ಲೇ.

ಬಾಗಿಲ ಹತ್ತಿರ ಬಂದಿದ್ದೇನೆ. ಈ ಡೈರಿಯನ್ನು ಗೋಡೆಗೆ ಒತ್ತಿ ಬರೆಯುತ್ತಿದ್ದೇನೆ, ಕೈಗೆ ಬೇರೇನಾದರೂ ಕೆಲಸ ಬೇಕಲ್ಲ. 'ನಿಧಾನ' ಎಂಬ ಆ ಮಾತು ನಾಲಿಗೆ ತುದಿಯಲ್ಲಿದೆ. ಹೇಳುವುದಿಲ್ಲ. ತೆರೆಯುವುದಿಲ್ಲ.

ಇಪ್ಪತ್ತೊಂದು. ಇಪ್ಪತ್ತೆರಡು. ಯಾರ ಜೊತೆಗೋ ಮಾತಾಡುತ್ತಿದ್ದಾಳೆ. ಇಲ್ಲ, ಅವಳೂ ಎಣಿಸುತ್ತಿದ್ದಾಳೆ, ಗಟ್ಟಿಯಾಗಿ, ಕ್ಲಾಸಿನಲ್ಲಿ ಹೇಳಿಕೊಡುವ ಹಾಗೆ. ಮೂವತ್ತು. ಮೂವತ್ತೊಂದು. ಉಸಿರು ಕೇಳುತ್ತಿದೆ. ಮೂವತ್ತನಾಲ್ಕು. ಮೂವತ್ತೈದು. ಮೂವತ್ತ—