ಒಂಬತ್ತನೆಯ ಮಧ್ಯಾಹ್ನ

ಮನೆಯಿಂದ,
ತಾರೀಖು ಹದಿನೇಳು, ಶನಿವಾರ, ಮಧ್ಯಾಹ್ನ ಮೂರು ಗಂಟೆ.

ಮಹಾಜನಗಳೇ! ಮುಂದಿನ ಕುರ್ಚಿಯಲ್ಲಿ ಕುಳಿತ ದೊಡ್ಡವರೇ, ಹಿಂದಿನ ಬೆಂಚಿನಲ್ಲಿ ಕಾಲು ಚಾಚಿದ ಪುಣ್ಯಾತ್ಮರೇ, ಕಂಬಕ್ಕೊರಗಿ ನಿಂತ ಪುಕ್ಕಟೆ ಪ್ರೇಕ್ಷಕರೇ, ಕಿವಿಗೊಟ್ಟು ಕೇಳಿ! ನೋಡಿದೆಯಾ? ಒಬ್ಬನಿಗೆ ಬರೆಯಲು ಕೂತರೂ ಕೈ ಊರಿಗೇ ಸಾರುತ್ತದೆ. ಹರಿದು ಹಾಕೋಣವೆಂದರೆ ನಿಮ್ಮಮ್ಮ, ‘ಇದ್ದಿದ್ದೇ ನಾಲ್ಕು ಒಳ್ಳೇ ಹಾಳೆ, ಅದನ್ನೂ ಹರೀಬೇಡಿ’ ಎಂದಳು. ಇರಲಿ. ಮತ್ತೆ ಶುರು ಮಾಡುತ್ತೇನೆ.

ಪ್ರೀತಿಯ ಮೆಲ್ಲಣ್ಣ,

ಆರೋಗ್ಯವೇ? ಸೀಮೆಸುಣ್ಣದ ಪುಡಿಗೆ ನಿನಗೆ ಕೆಮ್ಮು ಬರುತ್ತದಂತೆ. ಬಿಸಿನೀರು ಕುಡಿ, ಕಂಠ ಕಾಪಾಡಿಕೋ. ಮೇಷ್ಟ್ರಿಗೂ ನಟನಿಗೂ ಅದೇ ಬಂಡವಾಳ. ನನಗೆ ಇದೆಲ್ಲ ಹೇಗೆ ಗೊತ್ತು ಎನ್ನುವೆಯಾ? ನಿಮ್ಮಮ್ಮ ಪ್ರತಿ ಭಾನುವಾರ ಮಹಡಿ ಮೆಟ್ಟಿಲ ಮೇಲೆ ಕೂತು ನಿನಗೆ ಫೋನು ಮಾಡುವುದು ನನಗೆ ಗೊತ್ತಿಲ್ಲವೆಂದು ಅವಳು ನಟಿಸುತ್ತಾಳೆ. ಕೇಳಿಸಿಲ್ಲವೆಂದು ನಾನು ನಟಿಸುತ್ತೇನೆ. ಹನ್ನೊಂದು ವರ್ಷದಿಂದ ಈ ನಾಟಕ ಒಂದು ದಿನವೂ ರದ್ದಾಗಿಲ್ಲ. ನನ್ನ ಮಂಡಿ ಎರಡೂ ರಾಜೀನಾಮೆ ಕೊಟ್ಟಿವೆ. ಎಡಗಣ್ಣಿಗೆ ಮಬ್ಬು. ಗಂಟಲು ಮಾತ್ರ ಹಾಗೇ ಇದೆ. ಮೊನ್ನೆ ನಾನು ಸೀನಿದ್ದಕ್ಕೆ ಪಕ್ಕದ ಮನೆಯಾಕೆ ಬಾಗಿಲು ತೆರೆದು ‘ಯಾರು ಬಿದ್ರು?’ ಎಂದು ಕೇಳಿದಳು.

ಹನ್ನೊಂದು ವರ್ಷದ ಮೇಲೆ ಅಪ್ಪನಿಗೆ ಪತ್ರ ಬರೆಯುವ ಬುದ್ಧಿ ಯಾಕೆ ಬಂತು ಎಂದು ನಿನಗೆ ಅನ್ನಿಸಿರುತ್ತದೆ. ನಿನಗೊಂದು ಅನ್ಯಾಯ ಮಾಡಿದ್ದೇನೆ. ಹಳೆಯದನ್ನಲ್ಲ ಹೇಳುತ್ತಿರುವುದು, ಹೊಸದು. ಆದರೆ ಹಳೆಯದು ಇಲ್ಲದೆ ಹೊಸದು ಅರ್ಥವಾಗುವುದಿಲ್ಲ, ಆದ್ದರಿಂದ ಕ್ರಮವಾಗಿಯೇ ಹೇಳುತ್ತೇನೆ.

ಎರಡು ತಿಂಗಳ ಹಿಂದೆ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಳು. ಕತ್ತರಿಸಿದ ಕೂದಲು, ಹೆಗಲಿಗೆ ತನಗಿಂತ ಭಾರದ ಚೀಲ. ಸಿನಿಮಾ ತೆಗೆಯುತ್ತಾಳಂತೆ; ದೊಡ್ಡ ಕಂಪನಿಯದ್ದಲ್ಲ, ಸ್ನೇಹಿತರು ಏಳು ಜನ ಸೇರಿ ತೆಗೆಯುವುದು. ‘ಸರ್, ನಮ್ಮಲ್ಲೊಂದು ಅಪ್ಪನ ಪಾತ್ರ ಇದೆ’ ಎಂದಳು. ‘ಯಾವ ರಾಜ?’ ಎಂದು ಕೇಳಿದೆ. ‘ರಾಜ ಅಲ್ಲ ಸರ್, ಬರೀ ಅಪ್ಪ’ ಎಂದಳು. ಅಂದಿನಿಂದ ನಾನು ಅವಳನ್ನು ಡೈರೆಕ್ಟರಮ್ಮ ಎಂದೇ ಕರೆಯುತ್ತೇನೆ. ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ನಲವತ್ತರ ಒಬ್ಬ ಗಂಡಸು. ಹರೆಯದಲ್ಲಿ ಅವನು ಇನ್ನೊಬ್ಬ ಗಂಡಸನ್ನು ಪ್ರೀತಿಸಿದ. ತಿಳಿದ ದಿನ ಮಧ್ಯಾಹ್ನವೇ ಅಪ್ಪ ಮನೆಯಿಂದ ಹೊರಗಟ್ಟಿದ. ಈಗ ಅವನಿಗೆ ಕಾಲದಲ್ಲಿ ಹಿಂದಕ್ಕೆ ಹೋಗುವ ದಾರಿ ಸಿಗುತ್ತದೆ. ಎಲ್ಲಿಗೂ ಹೋಗದೆ ಆ ಒಂದೇ ಮಧ್ಯಾಹ್ನಕ್ಕೆ ಮತ್ತೆ ಮತ್ತೆ ಹೋಗುತ್ತಾನೆ. ಒಮ್ಮೆ ಅಳುತ್ತಾನೆ, ಒಮ್ಮೆ ಜಗಳವಾಡುತ್ತಾನೆ, ಒಮ್ಮೆ ಸುಳ್ಳು ಹೇಳಿ ನೋಡುತ್ತಾನೆ. ಎಂಟು ಸಲವೂ ಅಪ್ಪ ‘ಹೊರಡು’ ಎನ್ನುತ್ತಾನೆ. ಒಂಬತ್ತನೆಯ ಸಲ ಏನನ್ನೂ ಕೇಳದೆ, ಅಪ್ಪನ ಮುಖವನ್ನು ಕಣ್ತುಂಬ ನೋಡಿ, ತಾನೇ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾನೆ. ಅಷ್ಟೇ ಕಥೆ. ‘ನಿಮಗೆ ಮುಜುಗರ ಆದ್ರೆ ಈಗಲೇ ಹೇಳಿಬಿಡಿ ಸರ್’ ಎಂದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ‘ನಟನಿಗೆಂಥ ಮುಜುಗರ!’ ಎಂದು ಕಿಟಕಿ ಗಾಜು ನಡುಗುವ ಹಾಗೆ ಹೇಳಿದೆ.

ಪಾತ್ರ ಬಂದರೆ ಚಿತೆಯಿಂದಲೂ ಎದ್ದು ಬರುವ ಜಾತಿ ನಮ್ಮದು, ಅದು ನಿನಗೆ ಗೊತ್ತು. ಇನ್ನೊಂದು ಕಾರಣವನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ನಮ್ಮಿಬ್ಬರ ಆ ಮಧ್ಯಾಹ್ನವನ್ನು ಇನ್ನೊಮ್ಮೆ ನೋಡಬೇಕಿತ್ತು.

ಚಿತ್ರೀಕರಣ ಎರಡನೆಯ ಮಹಡಿಯ ಒಂದು ಖಾಲಿ ಮನೆಯಲ್ಲಿ. ಕ್ಯಾಮೆರಾ ಹಿಡಿಯುವವನೇ ಚಹಾ ಮಾಡಬೇಕು, ಡೈರೆಕ್ಟರಮ್ಮನೇ ನೆಲ ಒರೆಸಬೇಕು. ‘ಹಿಂದಿನ ಕಾಲಕ್ಕೆ ಹೋಗೋ ಯಂತ್ರ ಎಲ್ಲಮ್ಮ?’ ಎಂದು ಕೇಳಿದೆ. ಬಟ್ಟೆ ಒಣಹಾಕುವ ಬಾಲ್ಕನಿಯ ಬಾಗಿಲು ತೋರಿಸಿದಳು. ಹೀರೋ ಆ ಬಾಗಿಲಿಂದ ಹೊರಗೆ ಹೋಗುತ್ತಾನಂತೆ, ಅದೇ ಬಾಗಿಲಿಂದ ಒಳಗೆ ಬಂದರೆ ಇಪ್ಪತ್ತು ವರ್ಷ ಹಿಂದೆ! ಗೋಡೆಯ ಕ್ಯಾಲೆಂಡರು ಬದಲಾಗಿರುತ್ತದೆ, ಕುರ್ಚಿಯ ಮೇಲೊಂದು ಹಳೆಯ ರೇಡಿಯೋ ಕೂತಿರುತ್ತದೆ. ನಮ್ಮ ನಾಟಕ ಕಂಪನಿಯಲ್ಲಾಗಿದ್ದರೆ ಮೂರು ಡಬ್ಬ ಹೊಗೆ, ತಗಡಿನ ಗುಡುಗು, ಪರದೆ ಸೀಳಿಕೊಂಡು ಕೆಂಪು ದೀಪ! ನಾನು ನಕ್ಕೆ. ಆದರೆ ಮಗನೇ, ಆ ಮನುಷ್ಯ ಒದ್ದೆ ಟವೆಲ್ಲು ಸರಿಸಿಕೊಂಡು ಆ ಬಾಗಿಲಿಂದ ಮೊದಲ ಸಲ ಒಳಗೆ ಬಂದು ‘ಅಪ್ಪಾ’ ಎಂದಾಗ ನನ್ನ ನಗು ಬಾಯಲ್ಲೇ ಉಳಿಯಿತು.

ನನಗೆ ಬರೆದುಕೊಟ್ಟದ್ದು ಒಂದೇ ಶಬ್ದ, ‘ಹೊರಡು.’ ದಿನಕ್ಕೊಂದು ಮಧ್ಯಾಹ್ನದಂತೆ ಎಂಟು ದಿನ ಅದನ್ನೇ ಹೇಳಿದೆ. ಮೊದಲ ದಿನ ನಾನು ಗರ್ಜಿಸಿದ್ದಕ್ಕೆ ಶಬ್ದ ಹಿಡಿಯುವವನು ಕಿವಿ ಹಿಡಿದುಕೊಂಡು ಕುಕ್ಕರಿಸಿದ. ‘ತಾತ, ಮೈಕು ನಿಮ್ಮ ಅಂಗಿ ಒಳಗೇ ಇದೆ, ಪಕ್ಕದ ಊರಲ್ಲಿಲ್ಲ’ ಎಂದ. ದಿನ ಕಳೆದಂತೆ ದನಿ ಇಳಿಸಿದೆ. ಎಂಟನೆಯ ದಿನ ಉಸಿರಿನಷ್ಟೇ ಮೆಲ್ಲಗೆ ಹೇಳಿದೆ. ಗಟ್ಟಿಯಾಗಿ ಹೇಳಿದಾಗ ಆ ಶಬ್ದ ಅಷ್ಟು ಕ್ರೂರವಾಗಿರಲಿಲ್ಲ. ಅವತ್ತು ಮನೆಗೆ ಬಂದು ಊಟ ಬೇಡವೆಂದೆ. ನಿಮ್ಮಮ್ಮ ತಟ್ಟೆ ಎತ್ತಿಟ್ಟಳು.

ಇನ್ನು ಒಂಬತ್ತನೆಯದು. ಡೈರೆಕ್ಟರಮ್ಮ ಮೊದಲೇ ಬಿಡಿಸಿ ಹೇಳಿದ್ದಳು, ‘ಇದರಲ್ಲಿ ಇಬ್ಬರಿಗೂ ಮಾತಿಲ್ಲ ಸರ್. ಸುಮ್ಮನೆ ನಿಂತ್ಕೊಂಡು ನೋಡ್ಬೇಕು. ನಾನು ಕಟ್ ಅನ್ನೋವರೆಗೆ.’ ತಲೆಯಾಡಿಸಿದೆ. ಹೀರೋ ಬಾಲ್ಕನಿಯಿಂದ ಬಂದ, ನನ್ನೆದುರು ನಿಂತ. ತುಟಿ ಅದುರುತ್ತಿತ್ತು, ಕಣ್ಣು ತುಂಬಿತ್ತು. ನಾನು ಮನಸ್ಸಿನಲ್ಲೇ ಎಣಿಸಿದೆ: ಒಂದು, ಎರಡು, ಮೂರು. ನಾಲ್ಕಾಯಿತು. ರಂಗದ ಮೇಲೆ ಮೂರೆಣಿಸುವಷ್ಟು ಹೊತ್ತು ಎದುರಿನವನು ಮೂಕನಾದರೆ ಅವನು ಮಾತು ಮರೆತಿದ್ದಾನೆ ಎಂದೇ ಅರ್ಥ. ಕೂಡಲೇ ನೀನು ಬಾಯಿ ಹಾಕಿ ಅವನ ಮಾನ ಉಳಿಸಬೇಕು. ಐವತ್ತು ವರ್ಷ ಇದನ್ನೇ ಉಂಡು ಉಟ್ಟವನು ನಾನು. ನಿನಗೆ ಹತ್ತೊಂಬತ್ತಾಗಿದ್ದಾಗ ದೂತನ ವೇಷ ಹಾಕಿ, ತಂದ ಸುದ್ದಿಯನ್ನೇ ಮರೆತು ನಿಂತಾಗ ನಾಲ್ಕು ನಿಮಿಷ ಒಬ್ಬನೇ ಮಾತಾಡಿ ನಿನ್ನನ್ನು ದಡ ಮುಟ್ಟಿಸಲಿಲ್ಲವೇ? ಎಣಿಕೆ ಹತ್ತು ದಾಟಿತು. ಪಾಪ, ಮರೆತಿದ್ದಾನೆ ಎಂದುಕೊಂಡೆ. ಸುಮ್ಮನಿರಬೇಕೆಂದು ತಲೆಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಬಾಯಿ ತೆರೆದೆ.

ಆಗ ಬಂದದ್ದು ಯಾವ ನಾಟಕದ ಮಾತೂ ಅಲ್ಲ. ಕಂಪನಿಯ ಸಾಮಾನು ಕೋಣೆಯಲ್ಲಿ ನಿನ್ನನ್ನೂ ನಮ್ಮ ರಂಗದ ಪರದೆಗೆ ಚಿತ್ರ ಬರೆಯುವವನನ್ನೂ ಒಟ್ಟಿಗೆ ಕಂಡ ದಿನ ನಾನು ಆಡಿದ ಮಾತು. ಒಂದಕ್ಷರ ಬಿಡದೆ ಬಂತು. ‘ಮೆಲ್ಲಣ್ಣ, ನಿನ್ನನ್ನ ಮಗ ಅಂತ ಊರಲ್ಲೆಲ್ಲ ಮೆರೆಸಿದೆನಲ್ಲೋ! ಆ ಪರದೆಯವನ ಕೈಬಣ್ಣ ನಿನ್ನ ಅಂಗಿ ಮೇಲೆ! ಮುಖ ತೊಳ್ಕೊಂಡು ಹೊರಡು. ನಿನ್ನ ಪಾತ್ರಕ್ಕೆ ಬೇರೆಯವರು ಸಿಗ್ತಾರೆ.’ ಹೀರೋ ಆಗಲೂ ಸುಮ್ಮನೇ ನಿಂತಿದ್ದ. ಆದ್ದರಿಂದ ನಿನ್ನ ಉತ್ತರವನ್ನೂ ನಾನೇ ಹೇಳಿದೆ, ನಿನ್ನ ದನಿಯಲ್ಲೇ. ‘ಅಪ್ಪಾ, ನೀವು ಈಗಲೂ ಹಿಂದಿನ ಸಾಲಿಗೆ ಕೇಳಿಸ್ಲಿ ಅಂತ ಮಾತಾಡ್ತಿದೀರಿ. ನಾನು ಎದುರಿಗೇ ಇದೀನಲ್ಲ.’ ಅಷ್ಟು ಹೇಳಿ ಕುಸಿದು ಕುರ್ಚಿಯಲ್ಲಿ ಕೂತೆ.

ಆಮೇಲೆ ಆ ಏಳು ಜನರೂ ಚಪ್ಪಾಳೆ ತಟ್ಟಿದರು. ಶಬ್ದ ಹಿಡಿಯುವವನು ಬಿಕ್ಕುತ್ತಿದ್ದ. ನಾನು ಏನು ಮಾಡಿದೆ ಗೊತ್ತೇ? ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಬಾಗಿ ನಮಸ್ಕರಿಸಿದೆ. ಸಂತೋಷವಾಗಿತ್ತು ಕಣೋ. ಇದನ್ನು ಬರೆಯದೆ ಬಿಟ್ಟರೆ ಈ ಪತ್ರವೂ ಒಂದು ವೇಷವಾಗುತ್ತದೆ.

ಮನೆಗೆ ಬಂದು ಅದೇ ಗೆಲುವಿನಲ್ಲಿ ನಿಮ್ಮಮ್ಮನಿಗೆ ವರ್ಣಿಸಿದೆ. ಅವಳು ನಿಂತಲ್ಲೇ ಕೂತಳು. ‘ಮೆಲ್ಲಣ್ಣ ಅಂದ್ರಾ? ಪರದೆಯವನು ಅಂತಾನೂ ಅಂದ್ರಾ?’ ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಹನ್ನೊಂದು ವರ್ಷ ಮೆಟ್ಟಿಲ ಮೇಲೆ ಬಚ್ಚಿಟ್ಟದ್ದನ್ನೆಲ್ಲ ನನ್ನೆದುರು ಇಟ್ಟಳು. ನೀನೂ ಪರದೆಯವನೂ ಈಗಲೂ ಒಂದೇ ಮನೆಯಲ್ಲಿದ್ದೀರಿ. ಶಾಲೆಯಲ್ಲಿ ಅವನನ್ನು ಕಂಪನಿಯಲ್ಲಿ ಪರದೆ ಬರೆಯುತ್ತಿದ್ದವನು, ಮನೆ ಹಂಚಿಕೊಂಡ ಗೆಳೆಯ ಎಂದಷ್ಟೇ ಹೇಳಿದ್ದೀಯ. ನಿನ್ನ ಹೆಡ್‌ಮೇಷ್ಟ್ರು ನನ್ನ ನಾಟಕ ನೋಡಿ ಬೆಳೆದವರು, ಕಂಪನಿಯ ಅಡ್ಡಹೆಸರೇ ಹಿಡಿದು ನಿನ್ನನ್ನು ಮೆಲ್ಲಣ್ಣ ಎಂದೇ ಕರೆಯುತ್ತಾರೆ. ನನ್ನ ಮುಖ, ಆ ಹೆಸರು, ಪರದೆಯವನು, ಈ ಮೂರನ್ನು ಕೂಡಿಸಲು ಲೆಕ್ಕದ ಮೇಷ್ಟ್ರೇ ಬೇಕಿಲ್ಲ. ಅಂಥದ್ದು ಗೊತ್ತಾದರೆ ಆ ಶಾಲೆಯವರು ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ ಎಂದು ನೀನೇ ಅವಳಿಗೆ ಹೇಳಿದ್ದೀಯಂತೆ. ‘ಒಂದು ಸಲ ಬಾಯಿ ತೆಗೆದು ಮನೆ ಬಿಡಿಸಿದ್ರಿ. ಈಗ ಇನ್ನೊಂದು ಸಲ ಬಾಯಿ ತೆಗೆದು ಕೆಲಸ ಬಿಡಿಸ್ತೀರಾ?’ ಎಂದಳು. ನನಗೆ ಮಾತು ಮರೆತುಹೋಯಿತು. ಎತ್ತಿಕೊಡುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಡೈರೆಕ್ಟರಮ್ಮನ ಹತ್ತಿರ ಹೋಗಿ ನಿಜ ಹೇಳಿದೆ. ಅವಳು ಆ ದೃಶ್ಯವನ್ನು ಸಣ್ಣ ಪರದೆಯ ಮೇಲೆ ತೋರಿಸಿದಳು. ನನ್ನ ಜೀವಮಾನದ ಅತ್ಯುತ್ತಮ ಅಭಿನಯ. ಹೊಗಳಿಕೊಳ್ಳುತ್ತಿಲ್ಲ, ಕಸುಬು ಬಲ್ಲವನಾಗಿ ಹೇಳುತ್ತಿದ್ದೇನೆ. ನನ್ನ ತುಟಿಯ ಮೇಲಿನ ಉಗುಳೂ ಕಂಡಿತು, ಕುತ್ತಿಗೆಯ ನರವೂ ಕಂಡಿತು. ಇದನ್ನೇ ಅಲ್ಲವೇ ನೀನು ಒಂದು ಮೊಳ ದೂರದಿಂದ ನೋಡಿದ್ದು? ಹೆಸರಿನ ಜಾಗದಲ್ಲಿ ಸದ್ದು ಅಡಗಿಸಿದರಾಗದೇ ಎಂದು ಕೇಳಿದೆ. ‘ತುಟಿ ಕಾಣುತ್ತೆ ಸರ್. ನಿಮ್ಮ ಉಚ್ಚಾರ ಹೆಂಗಿದೆ ಅಂದ್ರೆ ಕಿವುಡರಿಗೂ ಕೇಳ್ಸುತ್ತೆ’ ಎಂದಳು. ಕೊನೆಗೆ, ‘ನಿಮ್ಮ ಮಗ ಬೇಡ ಅಂದ್ರೆ ತೆಗೀತೀನಿ. ನನ್ನ ಸಿನಿಮಾದ ಜೀವ ಇಲ್ಲೇ ಇದೆ, ಆದ್ರೂ ತೆಗೀತೀನಿ. ತಿಂಗಳ ಕೊನೆಯೊಳಗೆ ಕೇಳಿ ಹೇಳಿ’ ಎಂದಳು.

ಅದಕ್ಕೇ ಈ ಪತ್ರ. ‘ಇರಲಿ’ ಅಥವಾ ‘ಬೇಡ’, ಒಂದು ಶಬ್ದ ಬರೆದು ಹಾಕು. ಹೊಟ್ಟೆಯೊಳಗಿನದನ್ನೂ ಹೇಳಿಬಿಡುತ್ತೇನೆ: ನೀನು ‘ಇರಲಿ’ ಎಂದರೆ ನಾನು ಕುಣಿದಾಡುವವನೇ. ಎಲ್ಲೋ ಒಬ್ಬ ಅಪ್ಪ ಅದನ್ನು ನೋಡಿ ಬಾಯಿ ಮುಚ್ಚಿಕೊಂಡಾನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಇನ್ನೊಂದು ವಿಷಯ ಮುಳ್ಳಿನಂತೆ ಚುಚ್ಚುತ್ತಿದೆ. ಎಂಟು ಮಧ್ಯಾಹ್ನ ನಾನು ಆಡಿದ್ದು ಆ ಹುಡುಗಿ ಬರೆದುಕೊಟ್ಟದ್ದು. ಒಂಬತ್ತನೆಯದರಲ್ಲಿ ಯಾರೂ ಏನೂ ಬರೆದುಕೊಟ್ಟಿರಲಿಲ್ಲ. ಬಾಗಿಲು ತೆರೆದೇ ಇತ್ತು, ಮಗನ ಜಾಗದಲ್ಲಿ ನಿಂತವನು ಎದುರಿಗೇ ಇದ್ದ, ಏನು ಬೇಕಾದರೂ ಹೇಳಬಹುದಿತ್ತು. ನಾನು ಅದನ್ನೇ ಹೇಳಿದೆ.

ಮಗನೇ, ನಿನಗೆ ಸಕಲ ಸನ್ಮಂಗಳವಾಗಲಿ, ಮಕ್ಕಳು ನಿನ್ನ ಮಾತು ಕೇಳಲಿ, ಕೆಮ್ಮು ನಿಲ್ಲಲಿ. ಪರದೆಯವನಿಗೆ... ಇಲ್ಲಿ ಪೆನ್ನು ಕೆಳಗಿಟ್ಟು ಬಹಳ ಹೊತ್ತು ಕೂತಿದ್ದೆ. ಅವನಿಗೂ ನನ್ನ ಆಶೀರ್ವಾದ, ಬೇಕೆನಿಸಿದರೆ.

ನಿನ್ನ,
ಅಪ್ಪ

ತಾ.ಕ.: ನಿಮ್ಮಮ್ಮ ಕನ್ನಡಕ ಏರಿಸಿಕೊಂಡು ಇಷ್ಟನ್ನೂ ಓದಿದಳು. ‘ಕತ್ತರಿ ಅವನ ಕೈಗೆ ಕೊಟ್ಟು ನೀವು ಒಳ್ಳೆಯವರಾಗ್ತೀರಾ? ಬೇಡ ಅಂದ್ರೆ ಅಪ್ಪನ ಕೀರ್ತಿ ಕೆಡಿಸಿದೋನು, ಇರಲಿ ಅಂದ್ರೆ ತನ್ನ ಅನ್ನ ತಾನೇ ಕಳ್ಕೊಂಡೋನು. ಚೆನ್ನಾಗಿದೆ ರೀ ನಿಮ್ಮ ನ್ಯಾಯ!’ ಎಂದು ಹಾಳೆಗಳನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ಆದ್ದರಿಂದ ನೀನು ಏನೂ ಬರೆಯಬೇಡ, ಏನೂ ನಿರ್ಧರಿಸಬೇಡ. ಅವತ್ತು ನಾನು ನಿನಗೆ ಹೇಳಿದ್ದು ತಪ್ಪು. ಹಾಳೆಗಟ್ಟಲೆ ಬರೆದೂ ಬಾರದ ಮಾತನ್ನು ಈ ಅಂಚಿನಲ್ಲಿ ತುರುಕುತ್ತಿದ್ದೇನೆ. ಈಗಷ್ಟೇ ಡೈರೆಕ್ಟರಮ್ಮನಿಗೆ ಫೋನು ಮಾಡಿ ಆ ದೃಶ್ಯ ಬೇಡವೆಂದೆ. ‘ಹಂಗಾದ್ರೆ ಒಂಬತ್ತನೇದು ಮತ್ತೆ ತೆಗೀಬೇಕು ಸರ್, ಬರೆದ ಹಂಗೇ. ಮಾತಾಡದೆ ನಿಲ್ಲೋಕಾಗುತ್ತಾ ನಿಮ್ಮ ಕೈಲಿ?’ ಎಂದು ಕೇಳಿದಳು. ಗೊತ್ತಿಲ್ಲವೆಂದೆ. ನಾಳೆ ಬೆಳಗ್ಗೆ ಎಂಟಕ್ಕೆ ಆ ಮಹಡಿ ಮನೆಗೆ ಹೋಗುತ್ತೇನೆ. ಮೊದಲು ನನ್ನ ಕಣ್ಣೆದುರೇ ಹಳೆಯದನ್ನು ಅಳಿಸಿ ಹಾಕಿಸುತ್ತೇನೆ. ಆಮೇಲೆ ಮಗನ ಜಾಗದಲ್ಲಿ ನಿಂತವನೆದುರು, ಅವಳು ಕಟ್ ಎನ್ನುವವರೆಗೆ, ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ.